ಕಾರ್ ಕಂಪನಿ ಕೈಬಿಟ್ಟರೆ ರೇಸ್ ತಂಡಕ್ಕೆ ನಿಜವಾಗಿ ಏನು ತಪ್ಪುತ್ತದೆ?

ಸೋಮವಾರದ_ನಿದ್ದೆ:

ಎಲ್ಲರಿಗೂ ನಮಸ್ಕಾರ. ಹೊಸೂರಿನ ಕೈಗಾರಿಕಾ ಪ್ರದೇಶ ಸಿಪ್‌ಕಾಟ್‌ನಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಊರು ತಳಿ ಹತ್ತಿರ. ಎರಡು ವರ್ಷದಿಂದ ಅಮೆರಿಕದ ನಾಸ್ಕಾರ್ ರೇಸಿನ ಹುಚ್ಚು ಹಿಡಿದಿದೆ. ಅವರ ಭಾನುವಾರ ಮಧ್ಯಾಹ್ನ ಅಂದರೆ ನಮಗೆ ನಡುರಾತ್ರಿ. ಸೋಮವಾರ ಫಸ್ಟ್ ಶಿಫ್ಟ್ ಬಿದ್ದರೆ ಕಂಪನಿ ಬಸ್ಸಲ್ಲೇ ನಿದ್ದೆ.

ಒಂದು ವಿಷಯ ತಲೆಗೆ ಹೋಗುತ್ತಿಲ್ಲ. ಕಾರಿನ ಮೈತುಂಬ ಬಿಯರ್, ಪೇಂಟ್, ಇಂಜಿನ್ ಆಯಿಲ್ ಅಂತ ಯಾರ್ಯಾರದೋ ಹೆಸರು. ದುಡ್ಡು ಕೊಡುವವರು ಅವರೇ ಅಲ್ವಾ? ಷೆವರ್ಲೆ, ಫೋರ್ಡ್, ಟೊಯೊಟಾ ಹೆಸರು ಇರುವುದು ಮೂತಿಯ ಮೇಲೆ ಮಾತ್ರ. ಹಾಗಿದ್ದ ಮೇಲೆ ಕಾರ್ ಕಂಪನಿ ಬೆಂಬಲ ಕಡಿಮೆ ಮಾಡಿತು ಎಂದ ಕೂಡಲೇ ತಂಡಗಳು ಯಾಕೆ ಕಂಗಾಲಾಗುತ್ತವೆ? ಡಾಡ್ಜ್ ಅಂತೂ 2012ರಲ್ಲಿ ಚಾಂಪಿಯನ್ ಆದ ವರ್ಷವೇ ಬಿಟ್ಟು ಹೋಯಿತಂತೆ. ಗೆದ್ದವರು ಯಾರಾದರೂ ಅಂಗಡಿ ಮುಚ್ಚುತ್ತಾರಾ?

ಗೂಗಲ್ ಮಾಡು ಎನ್ನಬೇಡಿ. ಮಾಡಿಯಾಗಿದೆ.

ಅತ್ತಿಬೆಲೆ_ಗೇಟ್:

ಅಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡ ಗುರು. ಅದು ಜಾಹೀರಾತಿನ ಖರ್ಚು ಅಷ್ಟೆ. ನಿಮ್ಮೂರ ಚಂದ್ರಚೂಡೇಶ್ವರನ ತೇರು ನೋಡಿಲ್ವಾ? ಈ ವರ್ಷ ಚಿನ್ನದಂಗಡಿಯವನು ಫ್ಲೆಕ್ಸ್ ಹಾಕಿಸಲಿಲ್ಲ ಅಂದರೆ ಬಟ್ಟೆ ಅಂಗಡಿಯವನು ಹಾಕಿಸುತ್ತಾನೆ. ತೇರೇನೂ ನಿಲ್ಲಲ್ಲ.

ಲೇತ್_ಮಾವ:

ಗೇಟಣ್ಣ, ತೇರಿಗೆ ಫ್ಲೆಕ್ಸ್ ಕೊಡುವವರು ಬೇರೆ, ಹಗ್ಗ ಕೊಡುವವರು ಬೇರೆ. ಕಾರ್ ಕಂಪನಿ ಕೊಡುವುದು ಹಗ್ಗ.

ಅಮೆರಿಕಕ್ಕೆ ಹೋಗುವ ಮೊದಲು ನನ್ನ ಶೆಡ್ಡಿಗೆ ಬನ್ನಿ. ಬಾಗಲೂರು ರಸ್ತೆಯಲ್ಲಿ ನಂದೊಂದು ಸಣ್ಣ ಜಾಬ್ ವರ್ಕ್ ಶೆಡ್ ಇತ್ತು. ಮೂರು ಲೇತ್, ಒಂದು ಮಿಲ್ಲಿಂಗ್, ಏಳು ಜನ. ಒಂದು ದೊಡ್ಡ ಕಂಪನಿಗೆ ಸ್ಪೇಸರ್ ಮತ್ತು ಬುಷ್ ಮಾಡಿ ಕೊಡುತ್ತಿದ್ದೆವು. ಹೆಸರು ಬೇಡ. ಪ್ರತಿ ತಿಂಗಳು ಕೊನೆಯ ವಾರ ಶೆಡ್ಯೂಲ್ ಬರುತ್ತಿತ್ತು. 2008ರ ದೀಪಾವಳಿ ಆದ ಮೇಲೆ ಬಂದ ಹಾಳೆಯಲ್ಲಿ ನಮ್ಮ ಪಾರ್ಟ್ ನಂಬರ್ ಎದುರು ಸೊನ್ನೆ. ಹಾಳೆ ತಿರುಗಿಸಿ ಹಿಂದುಗಡೆಯೂ ನೋಡಿದೆ.

ಸರಿ, ಎರಡು ತಿಂಗಳು ದುಡ್ಡು ಬರಲ್ಲ, ಚೀಟಿ ಎತ್ತಿ ಸುಧಾರಿಸೋಣ ಅಂದುಕೊಂಡೆ. ಮರುವಾರ ಒಂದು ಟೆಂಪೋ ಬಂತು. ಬುಷ್ಷನ್ನು ಹಿಡಿದಿಡುವ ಫಿಕ್ಸ್ಚರ್ ಎಲ್ಲ ವಾಪಸ್ ಕೊಡಿ ಎಂದರು. ಅಳತೆ ನೋಡುವ ಗೇಜ್ ಪೆಟ್ಟಿಗೆ ಕೊಡಿ ಎಂದರು. ಡ್ರಾಯಿಂಗ್ ಕೊಡಿ ಎಂದರು. ಉಳಿದ ರಾಡ್ ತೂಕ ಮಾಡಿ ಹಾಕಿಕೊಂಡರು, ಯಾಕೆಂದರೆ ಕಬ್ಬಿಣವೂ ಅವರದ್ದೇ. ಡೆಲಿವರಿ ಚಲನ್‌ಗೆ ನನ್ನ ಸಹಿ. ಟೆಂಪೋ ಹೋದ ಮೇಲೆ ನೋಡಿದರೆ ಲೇತ್ ನಂದು, ಕರೆಂಟ್ ಬಿಲ್ ನಂದು, ಹುಡುಗರು ನನ್ನವರು. ಲೇತ್ ಮೇಲೆ ಕೂರಬೇಕಾದ್ದು ಒಂದೂ ನಂದಲ್ಲ. ಹತ್ತು ವರ್ಷ ನಾನು ಏನೋ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ ನೋಡಿ.

ಈಗ ನಿನ್ನ ಪ್ರಶ್ನೆ ತಮ್ಮ. ಕಾರಿನ ಮೈಮೇಲಿನ ಹೆಸರು ಕೊಡುವುದು ನಗದು. ಸಂಬಳ, ಟೈರು, ಹೋಟೆಲು ಅದರಲ್ಲಿ ನಡೆಯುತ್ತದೆ. ಮೂತಿಯ ಮೇಲಿನ ಹೆಸರು ಕೊಡುವುದು ಕಾರಿನ ಮೇಲೆ ಗಾಳಿ ಬಿಟ್ಟು ಪರೀಕ್ಷಿಸುವ ಗಾಳಿ ಸುರಂಗದಲ್ಲಿ ಸಮಯ, ಸಿಮ್ಯುಲೇಟರ್, ಇಂಜಿನ್ ಬ್ಲಾಕಿನ ಎರಕ, ಕಂಪನಿ ಸಂಬಳದಲ್ಲೇ ಬಂದು ಲೆಕ್ಕ ಹಾಕಿಕೊಡುವ ಇಂಜಿನಿಯರ್‌ಗಳು. 2022ರಲ್ಲಿ ಬಂದ ಹೊಸ ಮಾದರಿ ಕಾರಿನಲ್ಲಿ ಚಾಸಿ, ಗೇರ್‌ಬಾಕ್ಸ್ ಎಲ್ಲ ಎಲ್ಲರಿಗೂ ಒಂದೇ ಕಡೆಯಿಂದ ಬರುತ್ತವೆ. ಆದರೆ ಇಂಜಿನ್ ಮಾತ್ರ ಈಗಲೂ ಅವರವರ ಕಂಪನಿ ಕಡೆಯದ್ದೇ. ನಗದು ನಿಂತರೆ ಇನ್ನೊಬ್ಬರ ಕೈಕಾಲು ಹಿಡಿಯಬಹುದು. ಟೆಂಪೋ ಬಂದರೆ ಯಾರ ಕಾಲು ಹಿಡಿಯುತ್ತೀಯ?

ಡಾಡ್ಜ್ ಕಥೆ ನೀನು ಉಲ್ಟಾ ಕೇಳಿದ್ದೀಯ. ಮೊದಲು ಬಿಟ್ಟಿದ್ದು ಕಂಪನಿಯಲ್ಲ, ತಂಡ. 2012ರ ಮಾರ್ಚ್‌ನಲ್ಲೇ ಡಾಡ್ಜ್ ಓಡಿಸುತ್ತಿದ್ದ ಪೆನ್ಸ್ಕೆ ತಂಡದವರು ಮುಂದಿನ ವರ್ಷದಿಂದ ಫೋರ್ಡ್ ಓಡಿಸುತ್ತೇವೆ ಎಂದು ಹೇಳಿಬಿಟ್ಟರು. ಡಾಡ್ಜ್ ಇಂಜಿನ್ ಕಟ್ಟುತ್ತಿದ್ದುದು ಪೆನ್ಸ್ಕೆ ವರ್ಕ್‌ಶಾಪಿನಲ್ಲೇ. ಅವರು ಹೋದರೆ ಡಾಡ್ಜ್‌ಗೆ ತಂಡವೂ ಇಲ್ಲ, ಇಂಜಿನ್ ಕಟ್ಟುವ ಕೈಯೂ ಇಲ್ಲ. ಆ ಮಟ್ಟದ ಇನ್ನೊಂದು ತಂಡ ಸಿಗಲಿಲ್ಲ. ಆಗಸ್ಟ್‌ನಲ್ಲಿ ಸಾಕು ಎಂದರು. ನವೆಂಬರ್‌ನಲ್ಲಿ ಪೆನ್ಸ್ಕೆ ಡ್ರೈವರ್ ಬ್ರಾಡ್ ಕೆಸೆಲೋಸ್ಕಿ ಅದೇ ಡಾಡ್ಜ್‌ನಲ್ಲಿ ಚಾಂಪಿಯನ್. 2013ಕ್ಕೆಂದು ಪರದೆ ಸರಿಸಿ ತೋರಿಸಿದ್ದ ಹೊಸ ಡಾಡ್ಜ್ ಚಾರ್ಜರ್ ಕಾರು ಒಂದು ರೇಸೂ ಓಡಲಿಲ್ಲ. ನನಗೆ ಅದರ ಬಾಡಿ ತಟ್ಟಿದವರ ನೆನಪೇ ಬರುತ್ತದೆ.

ಇದು ಹೊಸದೂ ಅಲ್ಲ. 1963ರ ಜನವರಿಯಲ್ಲಿ ಷೆವರ್ಲೆಯ ಒಡೆಯ ಕಂಪನಿ ಜನರಲ್ ಮೋಟಾರ್ಸ್ ರೇಸಿನ ಸಹವಾಸವೇ ಬೇಡ ಎಂದಿತು. ಜೂನಿಯರ್ ಜಾನ್ಸನ್ ಅಂತ ಒಬ್ಬ ಇದ್ದ, ಕಳ್ಳಭಟ್ಟಿ ಸಾಗಿಸುತ್ತಾ ಡ್ರೈವಿಂಗ್ ಕಲಿತ ಆಸಾಮಿ. ಅಷ್ಟರೊಳಗೆ ಕೈಗೆ ಬಂದಿದ್ದ ಷೆವರ್ಲೆ ಇಂಜಿನ್ನು, ಬಿಡಿಭಾಗಗಳನ್ನೇ ಇಟ್ಟುಕೊಂಡು ಆ ವರ್ಷ ಏಳು ರೇಸ್ ಗೆದ್ದ. ಗೋಡೌನಿನಲ್ಲಿ ಇದ್ದಷ್ಟು ದಿನ ಓಟ.

ದೊಡ್ಡ ಏಟು ಬಿದ್ದಿದ್ದು 1970ರ ಕೊನೆಯಲ್ಲಿ. ಫೋರ್ಡ್ ಪೂರ್ತಿ ಹೊರಗೆ ಹೋಯಿತು. ಡಾಡ್ಜ್‌ನ ಒಡೆಯ ಕಂಪನಿ ಕ್ರೈಸ್ಲರ್ 1971ಕ್ಕೆ ಎರಡೇ ಕಾರು ಸಾಕು ಎಂದಿತು, ಎರಡೂ ಪೆಟ್ಟಿ ಮನೆಯವರ ಶೆಡ್ಡಿಗೆ. ಆ ವರ್ಷ ರಿಚರ್ಡ್ ಪೆಟ್ಟಿ 21 ರೇಸ್ ಗೆದ್ದರು. ನೀರು ಒಂದೇ ಗದ್ದೆಗೆ ಬಿಟ್ಟರೆ ಇನ್ನೇನಾಗುತ್ತದೆ? ಹೊಗೆ ಮತ್ತು ಸುರಕ್ಷತೆಯ ಹೊಸ ಕಾನೂನುಗಳಿಗೆ ಕಂಪನಿಗಳ ದುಡ್ಡು, ಇಂಜಿನಿಯರ್‌ಗಳು ಬೇಕಾಗಿದ್ದರು. ರೇಸಿನವರು ಏನೂ ತಪ್ಪು ಮಾಡಿರಲಿಲ್ಲ. ನಾನೂ ಒಂದು ಬುಷ್ ರಿಜೆಕ್ಟ್ ಕೊಟ್ಟಿರಲಿಲ್ಲ.

ಆ ಹೊತ್ತಿಗೆ ಸಿಗರೇಟಿನ ದುಡ್ಡು ಬಂತು. 1971ರ ಜನವರಿಯಿಂದ ಅಮೆರಿಕದ ಟಿವಿಯಲ್ಲಿ ಸಿಗರೇಟ್ ಜಾಹೀರಾತು ಬಂದ್, ಆ ದುಡ್ಡಿಗೆ ಜಾಗ ಬೇಕಿತ್ತು. ವಿನ್‌ಸ್ಟನ್ ಅನ್ನುವ ಸಿಗರೇಟಿನ ಹೆಸರು ಸರಣಿಗೇ ಅಂಟಿಕೊಂಡು 2003ರವರೆಗೆ ಇತ್ತು. 1971ರಲ್ಲಿ 48 ಇದ್ದ ರೇಸುಗಳನ್ನು ಮರುವರ್ಷ 31ಕ್ಕೆ ಇಳಿಸಿದರು. ಗೇಟಣ್ಣ ಹೇಳಿದ ಬಟ್ಟೆ ಅಂಗಡಿ ಇದೇ ಇರಬೇಕು. ಅಷ್ಟರಮಟ್ಟಿಗೆ ಅವರ ಮಾತು ಸರಿ.

ಕರಿ_ಸ್ಪೀಡ್‌ವೇ_ಗ್ಯಾಲರಿ:

ಕೊಯಮತ್ತೂರಿನಿಂದ ಬರೆಯುತ್ತಿದ್ದೇನೆ, ಮೂಲ ತಾಳವಾಡಿ. ಮಾವ, ನಿಮ್ಮ ಮಾತಿಗೆ ಒಂದು ಅಡ್ಡ ಪ್ರಶ್ನೆ. 2008ರ ಡಿಸೆಂಬರ್‌ನಲ್ಲಿ ಹೋಂಡಾ ಫಾರ್ಮುಲಾ ಒನ್ ಬಿಟ್ಟಿತು. ಮ್ಯಾನೇಜರ್ ಆಗಿದ್ದ ರಾಸ್ ಬ್ರಾನ್ ಹೆಸರಿಗೆ ಒಂದು ಪೌಂಡ್ ಕೊಟ್ಟು ತಂಡ ತೆಗೆದುಕೊಂಡರು. 2009ರಲ್ಲಿ ಡ್ರೈವರನದ್ದು, ತಂಡದ್ದು ಎರಡೂ ಚಾಂಪಿಯನ್‌ಶಿಪ್ ಗೆದ್ದರು. ಇದಕ್ಕೇನಂತೀರಾ?

ಇನ್ನೊಂದು. ನಮ್ಮ ಕರಿವರ್ಧನ್ ಅವರು ಮಾರುತಿ 800ರ ಇಂಜಿನ್ ಹಾಕಿಯೇ ಒಂಟಿ ಸೀಟಿನ ರೇಸ್ ಕಾರು ಕಟ್ಟಿದರು. ಚೆನ್ನೈ ಹತ್ತಿರದ ಶೋಲಾವರಂನ ಹಳೇ ವಿಮಾನದ ರನ್‌ವೇ ಮೇಲೆ ರೇಸ್ ಓಡುತ್ತಿದ್ದ ಕಾಲ ಅದು. ಇಲ್ಲಿನ ಟ್ರ್ಯಾಕಿಗೆ ಅವರ ಹೆಸರೇ ಇದೆ. ಕೈಯಲ್ಲಿ ಕೆಲಸ ಇದ್ದರೆ ಕಂಪನಿ ಯಾಕೆ ಬೇಕು?

ಲೇತ್_ಮಾವ:

ಒಳ್ಳೆ ಕಡೆ ಹಿಡಿದಿರಿ. ಆದರೆ ಹೋಂಡಾ ಹೋಗುವ ಹೊತ್ತಿಗೆ 2009ರ ಕಾರಿನ ಬಹುಪಾಲು ಕೆಲಸ ಆಗಿತ್ತು. ದುಡ್ಡು ಸುರಿದು, ಅಡುಗೆ ಮಾಡಿಟ್ಟು, ಎಲೆ ಹಾಕುವಾಗ ಎದ್ದು ಹೋದರು. ಇಂಜಿನ್ ಮರ್ಸಿಡಿಸ್ ಕೊಟ್ಟಿತು. ಗೆಲ್ಲುತ್ತಿದ್ದ ಆ ವರ್ಷವೇ ನೂರಾರು ಜನರನ್ನು ಮನೆಗೆ ಕಳಿಸಿದರು. ವರ್ಷದ ಕೊನೆಗೆ ತಂಡ ಮರ್ಸಿಡಿಸ್‌ನದ್ದಾಯಿತು. ಮತ್ತೆ ಕಂಪನಿಯ ಮಡಿಲಿಗೇ ಬಂತಲ್ಲ.

ಕರಿವರ್ಧನ್ ವಿಷಯ ಒಪ್ಪುತ್ತೇನೆ. ನಾಸ್ಕಾರ್‌ನಲ್ಲೂ ಅಂಥವರಿದ್ದರು. ವರ್ಜೀನಿಯಾದ ವುಡ್ ಸಹೋದರರು ಫೋರ್ಡ್ ಬಿಟ್ಟು ಹೋದ ಮೇಲೂ ನಿಂತರು. ಆಯಿಲ್ ಫಿಲ್ಟರ್ ಕಂಪನಿಯ ದುಡ್ಡು, ಫೋರ್ಡ್ ಬಳಗದ್ದೇ ಆದ ಮರ್ಕ್ಯುರಿ ಕಾರು, ಡ್ರೈವರ್ ಡೇವಿಡ್ ಪಿಯರ್ಸನ್. 1973ರಲ್ಲಿ 18 ರೇಸ್ ಓಡಿ 11 ಗೆದ್ದರು. ಎಲ್ಲಾ ರೇಸಿಗೂ ಹೋಗಲಿಲ್ಲ, ಆರಿಸಿಕೊಂಡು ಹೋದರು. ಪಿಟ್‌ನಲ್ಲಿ ರೇಸಿನ ನಡುವೆ ಕಾರು ನಿಲ್ಲಿಸಿ ಬೇಗ ಟೈರ್ ಬದಲಾಯಿಸುವುದನ್ನು ಒಂದು ವಿದ್ಯೆ ಮಾಡಿದ್ದೇ ಅವರು. ಆ ವಿದ್ಯೆಯನ್ನು ಯಾವ ಟೆಂಪೋದಲ್ಲೂ ಹೇರಿಕೊಂಡು ಹೋಗಲು ಆಗಲ್ಲ.

ಆದರೆ ಎಲ್ಲರೂ ವುಡ್ ಸಹೋದರರಲ್ಲ. ಫೋರ್ಡ್‌ಗೆ ರೇಸ್ ಕಾರು ಕಟ್ಟಿಕೊಡುತ್ತಿದ್ದ ಹಾಲ್ಮನ್ ಮೂಡಿ ಅಂಥ ದೊಡ್ಡ ವರ್ಕ್‌ಶಾಪ್ ಆಮೇಲೆ ಸೊರಗಿತು. 2009ರ ಜೂನ್‌ನಲ್ಲಿ ಜನರಲ್ ಮೋಟಾರ್ಸ್ ದಿವಾಳಿ ಅರ್ಜಿ ಹಾಕಿದಾಗ ಜೋರಾಗಿ ಕತ್ತರಿ ಬಿದ್ದಿದ್ದು ಎರಡನೇ ದರ್ಜೆಯ ಸರಣಿಗೆ, ಟ್ರಕ್ ಸರಣಿಗೆ. ಮೇಲಿನವರಿಗೆ ಸ್ವಲ್ಪ, ಕೆಳಗಿನವರಿಗೆ ಪೂರ್ತಿ.

ಸೋಮವಾರದ_ನಿದ್ದೆ:

ಮಾವ, ಈಗ ಅರ್ಥವಾಯಿತು. ಒಂದು ಕೇಳಲಾ? ಟೆಂಪೋ ಹೋದ ಮೇಲೆ ನೀವು ಏನು ಮಾಡಿದ್ರಿ?

ಲೇತ್_ಮಾವ:

ಏಳರಲ್ಲಿ ನಾಲ್ವರು ಬೇರೆ ಕಡೆ ಹೋದರು. ಉಳಿದವರು ಸೇರಿ ಟ್ರ್ಯಾಕ್ಟರ್ ಪಿನ್ ಮಾಡಿದೆವು, ಬೋರ್‌ವೆಲ್ ಪೈಪಿಗೆ ಕಪ್ಲಿಂಗ್ ಮಾಡಿದೆವು, ಗುಲಾಬಿ ಪಾಲಿಹೌಸ್‌ನವರಿಗೆ ಕ್ಲ್ಯಾಂಪ್ ಮಾಡಿದೆವು. ಕ್ಲ್ಯಾಂಪಿಗೆ ಡ್ರಾಯಿಂಗ್ ಇರಲಿಲ್ಲ. ಪೈಪಿನ ತುಂಡು ತಂದು ಮೇಜಿನ ಮೇಲಿಟ್ಟು, ಇದಕ್ಕೆ ಹಿಡಿಯಬೇಕು ಅಷ್ಟೆ ಅನ್ನುತ್ತಿದ್ದರು.

ವರ್ಷದ ಮೇಲೆ ಅದೇ ಕಂಪನಿಯಿಂದ ಫೋನ್ ಬಂತು. ಸರ್, ಶೆಡ್ಯೂಲ್ ಇದೆ, ಯಾವಾಗ ಶುರು ಮಾಡುತ್ತೀರಿ ಎಂದು, ನಿನ್ನೆ ಬಿಟ್ಟವರ ಹಾಗೆ. ಅದೇ ಫಿಕ್ಸ್ಚರ್ ವಾಪಸ್ ಬಂದವು, ಒಂದಕ್ಕೆ ತುಕ್ಕು ಹಿಡಿದಿತ್ತು. ತುಕ್ಕು ಉಜ್ಜಿದ್ದೂ ನಾವೇ.

ಅಂದಹಾಗೆ, ಆವತ್ತು ಟೆಂಪೋಗೆ ಹಾಕುವಾಗ ಒಂದು ಪ್ಲಗ್ ಗೇಜ್ ನನ್ನ ಡ್ರಾಯರಿನಲ್ಲೇ ಉಳಿದುಬಿಟ್ಟಿತ್ತು. ಇಷ್ಟು ವರ್ಷವಾದರೂ ಯಾರೂ ಕೇಳಿಲ್ಲ. ಈಗ ಕರೆಂಟ್ ಬಿಲ್ ಹಾರದ ಹಾಗೆ ಮೇಲೆ ಇಡುತ್ತೇನೆ.