ದುಬೈಗೆ ಹೊರಟಿದ್ದೇನೆ: ನೆಟ್ಟಿಗೆ ಏನು ಮಾಡಲಿ, ತೋಟದ ಪಂಪಿಗೆ ಏನು ಮಾಡಲಿ?

ನೀರ್ಚಾಲು ತೋಟದವ (ಜನವರಿ 6)

ನಮಸ್ಕಾರ. ಈ ತಿಂಗಳ ಕೊನೆಗೆ ನಾನು, ಮನೆಯವಳು ಇಬ್ಬರೂ ದುಬೈಗೆ ಹೋಗುವವರಿದ್ದೇವೆ. ಮಗ ಅಲ್ಲಿ ಕೆಲಸದಲ್ಲಿದ್ದಾನೆ. 32 ದಿನ. ಮಂಗಳೂರಿನಿಂದ ವಿಮಾನ. ನನಗೆ 61 ವರ್ಷ, ಊರು ಬಿಟ್ಟು ಇಷ್ಟು ದಿನ ಕೂತದ್ದು ಈವರೆಗೆ ಇಲ್ಲ. ಮಗನನ್ನು ಕೇಳಿದರೆ "ಬನ್ನಿ ಅಪ್ಪ, ಇಲ್ಲಿ ಬಂದ ಮೇಲೆ ನೋಡುವಾ" ಅನ್ನುತ್ತಾನೆ. ಅವನದ್ದು ಎಸ್ಸೆಸೆಲ್ಸಿ ಪರೀಕ್ಷೆಗೂ ಅದೇ ಮಾತಾಗಿತ್ತು.

ನನ್ನ ಫೋನಿಗೆ ಎರಡು ಸಿಮ್. ಒಂದು ಬಿಎಸ್‌ಎನ್‌ಎಲ್, ಹಳೆ ನಂಬರ್. ಬ್ಯಾಂಕು, ಗ್ಯಾಸು, ವಾಟ್ಸಾಪ್ ಎಲ್ಲ ಅದರಲ್ಲೇ. ಇನ್ನೊಂದು ಬರೇ ನೆಟ್ಟಿಗೆ. ದುಬೈಯಲ್ಲಿ ನೆಟ್ ಬೇಕಾದರೆ ಇದಕ್ಕೇ ರೋಮಿಂಗ್ ಪ್ಯಾಕ್ ಹಾಕಿಸಬೇಕಾ, ಅಲ್ಲಿನ ಸಿಮ್ ತೆಗೆದುಕೊಳ್ಳಬೇಕಾ? ಹೋದ ವರ್ಷ ನಮ್ಮ ನೆಂಟರೊಬ್ಬರು ಏನೂ ಮಾಡದೆ ಹೋಗಿ, ಬಂದ ಮೇಲೆ 11 ಸಾವಿರದ ಬಿಲ್ ಕಟ್ಟಿದರು. ಅವರು ಮಾಡಿದ್ದು ಇಷ್ಟೇ, ವಿಮಾನ ಇಳಿದು ಫೋನ್ ಆನ್ ಮಾಡಿ ಜೇಬಿಗೆ ಹಾಕಿಕೊಂಡದ್ದು.

ಇನ್ನು ನಿಜವಾದ ತಲೆಬಿಸಿ. ನಮ್ಮ ಹೊಳೆಬದಿಯ ಪಂಪಿಗೆ ಮೊಬೈಲ್ ಸ್ಟಾರ್ಟರ್ ಇದೆ. ಅದರೊಳಗೊಂದು ಸಿಮ್. ನಾನು ಕರೆ ಮಾಡಿದರೆ ಅದೇ ಎತ್ತುತ್ತದೆ. ಒಂದು ಒತ್ತಿದರೆ ಮೋಟಾರ್ ಆನ್, ಎರಡು ಒತ್ತಿದರೆ ಆಫ್. ನೋಂದಣಿ ಮಾಡಿದ ನಂಬರಿನಿಂದ ಕರೆ ಬಂದರೆ ಮಾತ್ರ ಕೇಳುತ್ತದೆ, ಬೇರೆಯವರದ್ದಾದರೆ ಕಟ್ ಮಾಡುತ್ತದೆ. ಅದರಲ್ಲಿರುವುದು ಎರಡೇ ನಂಬರ್, ನನ್ನದು ಮತ್ತು ಮನೆಯವಳದು. ಇಬ್ಬರೂ ದುಬೈಯಲ್ಲಿ! ಫೆಬ್ರವರಿಯಲ್ಲಿ ಅಡಿಕೆ ಗಿಡಕ್ಕೆ ನೀರು ಬಿಡದೆ ಒಂದು ವಾರವೂ ಇರುವ ಹಾಗಿಲ್ಲ. ಅಲ್ಲಿಂದ ಕರೆ ಮಾಡಿದರೆ ಪಂಪ್ ಹತ್ತುತ್ತದಾ?

ದೇರಾದಲ್ಲಿರುವ ಉಪ್ಪಳದವ

ಅಣ್ಣಾ, ನಾನಿಲ್ಲಿ ದುಬೈಯ ದೇರಾದಲ್ಲಿ 19 ವರ್ಷದಿಂದ ಇದ್ದೇನೆ. ಪಂಪಿನ ವಿಷಯ ಗೊತ್ತಿಲ್ಲ, ಬಾಕಿಯದ್ದು ಹೇಳುತ್ತೇನೆ.

32 ದಿನಕ್ಕೆ ರೋಮಿಂಗ್ ಪ್ಯಾಕ್ ದಂಡ. ಅದು ನಾಲ್ಕೈದು ದಿನ ಬಂದು ಹೋಗುವವರಿಗೆ ಸರಿ. ಇಲ್ಲಿ ದೊಡ್ಡ ಕಂಪನಿ ಎರಡು, ಎತಿಸಲಾತ್ ಮತ್ತು ದು. ಎತಿಸಲಾತ್ 2022ರಲ್ಲಿ ಹೆಸರು ಬದಲಿಸಿಕೊಂಡಿದೆ, ಆದರೂ ನಾವೆಲ್ಲ ಹೇಳುವುದು ಹಳೆ ಹೆಸರನ್ನೇ. ಎರಡರಲ್ಲೂ ಟೂರಿಸ್ಟ್‌ಗಳಿಗೆ ಬೇರೆ ಸಿಮ್ ಕೊಡುತ್ತಾರೆ. ಪಾಸ್‌ಪೋರ್ಟ್ ತೋರಿಸಲೇಬೇಕು, ಸಿಮ್ ನಿಮ್ಮ ಹೆಸರಿನಲ್ಲೇ ಆಗುತ್ತದೆ. ವಿಮಾನ ನಿಲ್ದಾಣದಲ್ಲೇ ಕೌಂಟರ್ ಇದೆ. ಆದರೆ ಅಲ್ಲಿ ಗಡಿಬಿಡಿಯಲ್ಲಿ ದೊಡ್ಡ ಪ್ಯಾಕ್ ಹಿಡಿಸಿಬಿಡುತ್ತಾರೆ. ನೀವು ಇಳಿದ ಕೂಡಲೇ ಮಗ ಬರುತ್ತಾನಲ್ಲ, ಮತ್ಯಾಕೆ ಅವಸರ? ವಿಮಾನ ನಿಲ್ದಾಣದಲ್ಲಿ ವೈಫೈ ಫ್ರೀ ಇದೆ, "ಇಳಿದೆ" ಅಂತ ಮೆಸೇಜ್ ಹಾಕಲು ಅಷ್ಟು ಸಾಕು. ಮರುದಿನ ಪೇಟೆಯ ಅಂಗಡಿಯಲ್ಲಿ ಆರಾಮಾಗಿ ನೋಡಿ, ಎರಡು ಮೂರು ಪ್ಯಾಕ್ ತೂಗಿ ತೆಗೆದುಕೊಳ್ಳಿ. ಮನೆಯಲ್ಲಿ ವೈಫೈ ಇರುತ್ತದೆ, ಹಾಗಾಗಿ ಚಿಕ್ಕ ಪ್ಯಾಕ್ ಸಾಕು.

ಇನ್ನೊಂದು, ಇಲ್ಲಿ ಬರುವ ಎಲ್ಲರೂ ಬೀಳುವ ಗುಂಡಿ. ವಾಟ್ಸಾಪಿನಲ್ಲಿ ಮೆಸೇಜ್ ಹೋಗುತ್ತದೆ, ಫೋಟೋ ಹೋಗುತ್ತದೆ, ವಾಯ್ಸ್ ಮೆಸೇಜ್ ಕೂಡ ಹೋಗುತ್ತದೆ. ಕರೆ ಹೋಗುವುದಿಲ್ಲ, ವಿಡಿಯೋವೂ ಇಲ್ಲ. ನೆಟ್ ಸರಿ ಇಲ್ಲ ಅಂತ ಸಿಮ್ಮನ್ನು ಬಯ್ಯಬೇಡಿ, ಇಲ್ಲಿನ ಕಾನೂನೇ ಹಾಗೆ. ನಾವೆಲ್ಲ ಮನೆಗೆ ಮಾತಾಡುವುದು ಬೋಟಿಮ್ ಅನ್ನುವ ಕರೆಯ ಆಪ್‌ನಲ್ಲಿ. ಅದು ಆಚೆಯವರ ಫೋನಿನಲ್ಲೂ ಇರಬೇಕು. ಹಾಗಾಗಿ ಹೊರಡುವ ಮೊದಲೇ ಊರಿನಲ್ಲಿ ಯಾರ್ಯಾರ ಜೊತೆ ಮಾತಾಡಲಿಕ್ಕಿದೆಯೋ ಅವರಿಗೆಲ್ಲ ಹಾಕಿಸಿಕೊಡಿ. ಇಲ್ಲಿಂದ ಮೆಸೇಜಿನಲ್ಲಿ ಕಲಿಸಲು ಹೊರಟರೆ 32 ದಿನವೂ ಅದರಲ್ಲೇ ಮುಗಿಯುತ್ತದೆ. ನಮ್ಮ ಉಮ್ಮನಿಗೆ ಕಲಿಸಲು ನನಗೆ ಒಂದು ರಜೆ ಪೂರ್ತಿ ಬೇಕಾಯಿತು.

ಯಾರಾದರೂ "ವಿಪಿಎನ್ ಹಾಕಿ, ವಾಟ್ಸಾಪ್ ಕರೆ ಹೋಗುತ್ತದೆ" ಅಂದರೆ ಕೇಳಬೇಡಿ. ವಿಪಿಎನ್ ಅಂದರೆ ನಾವು ಯಾವ ದೇಶದಲ್ಲಿದ್ದೇವೆ ಅಂತ ನೆಟ್ಟಿಗೆ ಗೊತ್ತಾಗದ ಹಾಗೆ ಮಾಡುವ ಆಪ್. ಅದನ್ನು ತಪ್ಪು ಕೆಲಸಕ್ಕೆ ಬಳಸಿದರೆ ದಂಡ 5 ಲಕ್ಷ ದಿರ್ಹಂನಿಂದ ಶುರು, 2021ರ ಕಾನೂನು. ಸೊನ್ನೆ ತಪ್ಪಿ ಬಿದ್ದದ್ದಲ್ಲ.

ತಲಪಾಡಿ ಟವರ್

ನಮ್ಮ ಮನೆಯಲ್ಲಿ ಅಡುಗೆಕೋಣೆಗೆ ಕೇರಳದ ಟವರ್, ಅಂಗಳಕ್ಕೆ ಕರ್ನಾಟಕದ ಟವರ್. ದೇಶದೊಳಗಿನ ರೋಮಿಂಗ್ ಚಾರ್ಜ್ ತೆಗೆಯುವ ಮೊದಲು, ಅಂದರೆ 2017ರವರೆಗೆ, ಅಂಗಳಕ್ಕಿಳಿದು ಫೋನ್ ಎತ್ತಿದರೆ ದುಡ್ಡು ಹೋಗುತ್ತಿತ್ತು. ಅಜ್ಜ ಬಿಸಿಲಿಗೂ ಒಳಗೇ ಕೂತು ಮಾತಾಡುತ್ತಿದ್ದರು. ಹಾಗಾಗಿ ರೋಮಿಂಗ್ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಿಮ್ಮ ನೆಂಟರ 11 ಸಾವಿರ ಎಲ್ಲಿಗೆ ಹೋಯಿತು ಅಂದರೆ, ಫೋನ್ ಜೇಬಿನಲ್ಲಿದ್ದರೂ ಕೆಲಸ ಮಾಡುತ್ತಲೇ ಇರುತ್ತದೆ. ಫೋಟೋ ಬ್ಯಾಕಪ್ ಮಾಡುತ್ತದೆ, ಆಪ್ ಅಪ್‌ಡೇಟ್ ಮಾಡುತ್ತದೆ, ಫ್ಯಾಮಿಲಿ ಗ್ರೂಪಿನ ಗುಡ್ ಮಾರ್ನಿಂಗ್ ವಿಡಿಯೋಗಳನ್ನೆಲ್ಲ ಇಳಿಸಿಕೊಳ್ಳುತ್ತದೆ. ಪ್ಯಾಕ್ ಇಲ್ಲದಿದ್ದರೆ ಒಂದೊಂದು ಎಂಬಿಗೂ ಲೆಕ್ಕ. ಸೆಟ್ಟಿಂಗ್ಸ್‌ನಲ್ಲಿ ಡೇಟಾ ರೋಮಿಂಗ್ ಅಂತ ಒಂದು ಸ್ವಿಚ್ ಇದೆ. ಊರಿನ ಎರಡೂ ಸಿಮ್ಮಿಗೆ ಅದನ್ನು ಮಂಗಳೂರಿನಲ್ಲೇ ಆಫ್ ಮಾಡಿ. ವಿಮಾನದೊಳಗೆ ಏರೋಪ್ಲೇನ್ ಮೋಡ್ ಮರೆಯಬೇಡಿ. ಕೆಲವು ವಿಮಾನಗಳೊಳಗೆ ಅವರದ್ದೇ ಮೊಬೈಲ್ ನೆಟ್‌ವರ್ಕ್ ಇರುತ್ತದೆ, ಅದಕ್ಕೆ ಫೋನ್ ಸಿಕ್ಕಿಕೊಂಡರೆ ರೇಟ್ ಆಕಾಶದಲ್ಲೇ.

ಪೆರ್ಲದವಳು, ಈಗ ಬೆಂಗಳೂರು

ಮಾವ, ಮೊದಲು ಒಂದು ಕೆಲಸ ಮಾಡಿ. ಫೋನಿನಲ್ಲಿ *#06# ಒತ್ತಿ. ಐಎಂಇಐ ಅನ್ನುವ ಫೋನಿನ ಗುರುತು ನಂಬರುಗಳ ಜೊತೆ ಇಐಡಿ ಅಂತ ಉದ್ದದ ನಂಬರೊಂದು ಬಂದರೆ ನಿಮ್ಮ ಫೋನಿಗೆ ಇ-ಸಿಮ್ ಹಾಕಬಹುದು. ಅಂದರೆ ಪ್ಲಾಸ್ಟಿಕ್ ಸಿಮ್ ಬೇಡ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆಯಿತು. ಏರಾಲೋ ತರದ ಆಪ್‌ಗಳಲ್ಲಿ ಹೊರಡುವ ಮೊದಲೇ ತೆಗೆದಿಡಬಹುದು. ಮನೆಯ ವೈಫೈಯಲ್ಲೇ ಹಾಕಿಕೊಳ್ಳಿ, ಯಾಕೆಂದರೆ ಅದನ್ನು ಹಾಕಲಿಕ್ಕೂ ನೆಟ್ ಬೇಕು. ಒಮ್ಮೆ ಹಾಕಿದ್ದನ್ನು ಡಿಲೀಟ್ ಮಾಡಬೇಡಿ, ಹೆಚ್ಚಿನವು ಎರಡನೇ ಸಲ ಸ್ಕ್ಯಾನ್ ಆಗುವುದಿಲ್ಲ. ಅವುಗಳಲ್ಲಿ ಸಾಮಾನ್ಯವಾಗಿ ಡೇಟಾ ಮಾತ್ರ ಇರುತ್ತದೆ, ಫೋನ್ ನಂಬರ್ ಸಿಗುವುದಿಲ್ಲ.

ರೋಮಿಂಗ್‌ನಲ್ಲಿ ನೆಟ್ ಯಾಕೆ ನಿಧಾನ ಅಂತ ತುಂಬಾ ಜನ ಕೇಳುತ್ತಾರೆ. ಊರಿನ ಸಿಮ್ಮಿನಲ್ಲಿ ದುಬೈಯಲ್ಲಿ ನೆಟ್ ಹಾಕಿದರೆ, ನಿಮ್ಮ ಡೇಟಾ ಸಾಮಾನ್ಯವಾಗಿ ಅಲ್ಲಿನ ಟವರಿನಿಂದ ಮೊದಲು ಭಾರತದ ಕಂಪನಿಗೆ ಬರುತ್ತದೆ. ಇಂಟರ್‌ನೆಟ್ಟಿಗೆ ಹೋಗುವುದು ಅಲ್ಲಿಂದ. ಪೆರ್ಲದಿಂದ ವಿಟ್ಲಕ್ಕೆ ಅಡ್ಯನಡ್ಕದಲ್ಲಿ ಹೋಗುವ ಬದಲು ಕಾಸರಗೋಡು, ಮಂಗಳೂರು ಸುತ್ತಿ ಹೋದ ಹಾಗೆ. ಇದರಿಂದ ಒಂದು ತಮಾಷೆಯೂ ಇದೆ. ಚೀನಾದಲ್ಲಿ ಅಲ್ಲಿನ ಸಿಮ್ಮಿಗೆ ಗೂಗಲ್ ಸಿಗುವುದಿಲ್ಲ, ರೋಮಿಂಗ್‌ನಲ್ಲಿರುವ ನಮ್ಮ ಸಿಮ್ಮಿಗೆ ಸಿಗುತ್ತದೆ. ನೆಟ್ಟಿನ ಕಣ್ಣಿಗೆ ನೀವಿನ್ನೂ ಊರಿನಲ್ಲೇ ಇದ್ದೀರಿ.

ಪಂಪಿಗೆ ದುಬೈಯಿಂದ ಕರೆ ಮಾಡುವ ಯೋಚನೆ ಬಿಡಿ. ಅಲ್ಲಿನ ಸಿಮ್ಮಿನಿಂದ ಮಾಡಿದರೆ ನಂಬರ್ ಬೇರೆ, ಸ್ಟಾರ್ಟರ್ ಕಟ್ ಮಾಡುತ್ತದೆ. ಊರಿನ ಸಿಮ್ಮಿನಿಂದ ಮಾಡಿದರೂ, ಹೊರದೇಶದಿಂದ ಬರುವ ಕರೆಯ ನಂಬರ್ ಕೆಲವೊಮ್ಮೆ ಬೇರೆ ತರ ಕಾಣುತ್ತದೆ. ಮನುಷ್ಯರಾದರೆ ಸ್ವರ ಕೇಳಿ ಗುರುತಿಸುತ್ತಾರೆ. ಸ್ಟಾರ್ಟರಿಗೆ ಅದೆಲ್ಲ ಎಲ್ಲಿ ಗೊತ್ತು? ಊರಿನಲ್ಲಿರುವ ಯಾರದ್ದಾದರೂ ನಂಬರ್ ಸೇರಿಸಿ, ಅವರಿಗೆ ವಾಟ್ಸಾಪ್ ಮಾಡಿ.

ಮುಳ್ಳೇರಿಯದ ಟೀಚರ್

ನಾನು ಮಾಡಿದ ತಪ್ಪನ್ನು ನೀವು ಮಾಡಬಾರದು ಅಂತ ಬರೆಯುತ್ತಿದ್ದೇನೆ. ಮಗಳ ಬಾಣಂತನಕ್ಕೆ ಮಸ್ಕತ್‌ಗೆ ಹೋದಾಗ ಊರಿನ ಸಿಮ್ ತೆಗೆದು, ಕಾಗದದಲ್ಲಿ ಸುತ್ತಿ, ಕುಂಕುಮದ ಕರಡಿಗೆಯಲ್ಲಿಟ್ಟೆ. ಅಲ್ಲಿನ ಸಿಮ್ ಹಾಕಿದೆ. ವಾಟ್ಸಾಪ್ "ನಂಬರ್ ಬದಲಿಸುತ್ತೀರಾ" ಅಂತ ಕೇಳಿತು. ಪಾಪ, ವಿಚಾರಿಸುತ್ತಿದೆ ಅಂದುಕೊಂಡು ಹೂಂ ಅಂದೆ. ಹಳೆಯ ನಂಬರಿನ ವಾಟ್ಸಾಪ್ ಹೋಯಿತು. ಊರಿನವರಿಗೆಲ್ಲ ಗೊತ್ತಿಲ್ಲದ ನಂಬರಿನಿಂದ ಮಗುವಿನ ಫೋಟೋ ಹೋಯಿತು, ಇಬ್ಬರು ನನ್ನನ್ನು ಬ್ಲಾಕ್ ಮಾಡಿದರು. ಒಬ್ಬಳು ನನ್ನ ಸ್ವಂತ ತಂಗಿ!

ಅದು ಕೇಳಿದರೆ ಬೇಡ ಅನ್ನಿ. ಸಿಮ್ ಯಾವುದೇ ಇರಲಿ, ವಾಟ್ಸಾಪ್ ಹಳೆ ನಂಬರಿನಲ್ಲೇ ನಡೆಯುತ್ತದೆ. ಬ್ಯಾಂಕಿನ ನಂಬರ್ ಇರುವ ಸಿಮ್ಮನ್ನು ಫೋನಿನಿಂದ ತೆಗೆಯಲೇಬೇಡಿ. ತೆಗೆದರೆ ಕೆಲವು ಬ್ಯಾಂಕ್ ಆಪ್‌ಗಳು ಮತ್ತೆ ಮೊದಲಿನಿಂದ ನೋಂದಣಿ ಮಾಡು ಅನ್ನುತ್ತವೆ. ಅದಕ್ಕೆ ನಮ್ಮ ಸಿಮ್ಮಿನಿಂದಲೇ ಎಸ್‌ಎಂಎಸ್ ಹೋಗಬೇಕು. ತೆಗೆಯುವುದಾದರೆ ನಿಮ್ಮ ಆ ನೆಟ್ಟಿನ ಸಿಮ್ ತೆಗೆಯಿರಿ.

ಒಟಿಪಿ ಬಂದರೆ ದುಡ್ಡು ಹೋಗುವುದಿಲ್ಲ, ಕರೆ ಎತ್ತಿದರೆ ಹೋಗುತ್ತದೆ. ಆದರೆ ಬರಬೇಕಾದರೂ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಇರಬೇಕು. ಬಿಎಸ್‌ಎನ್‌ಎಲ್ ಪ್ರೀಪೇಯ್ಡ್ ಆದರೆ ಅದಕ್ಕೆ ಬೇರೆಯೇ ರೀಚಾರ್ಜ್. ಹೊರಡುವ ಮೊದಲೇ ಕಸ್ಟಮರ್ ಸೆಂಟರಿಗೆ ಹೋಗಿ ಮಾಡಿಸಿ. ಸಿಮ್ಮಿನ ವ್ಯಾಲಿಡಿಟಿಯೂ ವಾಪಸ್ ಬರುವ ದಿನ ದಾಟಿ ಇರಲಿ.

ನೀರ್ಚಾಲು ತೋಟದವ (ಜನವರಿ 9)

ಎಲ್ಲರಿಗೂ ಉಪಕಾರ. *#06# ಒತ್ತಿದೆ, ಇಐಡಿ ಬರಲಿಲ್ಲ. ಹಾಗಾಗಿ ಅಲ್ಲಿನ ಪ್ಲಾಸ್ಟಿಕ್ ಸಿಮ್ಮೇ ಗತಿ. ಪಂಪಿಗೆ ತಂಗಿಯ ಮಗನ ನಂಬರ್ ಸೇರಿಸುವುದು ಅಂತ ಆಯಿತು, ಅವನ ಮನೆ ಕುಂಬ್ಡಾಜೆ. ಫೋನಿನಲ್ಲಿ ಬೋಟಿಮ್ ಹಾಕಿಸಲು ಬಂದಾಗಲೇ ಆ ಕೆಲಸವೂ ಆಗುತ್ತದೆ. ಸ್ಟಾರ್ಟರಿಗೆ ಪಾಸ್‌ವರ್ಡ್ ಹಾಕಿ ಎಸ್‌ಎಂಎಸ್ ಕಳಿಸಬೇಕು. ಆ ಪಾಸ್‌ವರ್ಡ್ ಬರೆದಿಟ್ಟ ಡೈರಿ ಹುಡುಕುತ್ತಿದ್ದೇನೆ.

ನೀರ್ಚಾಲು ತೋಟದವ (ಮಾರ್ಚ್ 5)

ಬಂದೆವು. ಕೇಳಿ ಮರೆತುಬಿಟ್ಟ ಅಂತ ಆಗಬಾರದು, ಅದಕ್ಕೆ ಬರೆಯುತ್ತಿದ್ದೇನೆ.

ಸಿಮ್ ದೇರಾದ ಅಂಗಡಿಯಲ್ಲಿ ತೆಗೆದುಕೊಂಡೆ. ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿದರು, 20 ನಿಮಿಷದಲ್ಲಿ ಆಯಿತು. ಅಂಗಡಿಯವನು ಕಾಞಂಗಾಡಿನವ, ಚಾ ಬೇರೆ ಕೊಟ್ಟ. ವಾಟ್ಸಾಪ್ ನಂಬರ್ ಬದಲಿಸುತ್ತೀಯಾ ಅಂತ ಕೇಳಿದ್ದು ನಿಜ. ಟೀಚರನ್ನು ನೆನೆದು ಬೇಡ ಅಂದೆ.

ಒಟಿಪಿ ಬರುತ್ತಿತ್ತು. ಒಮ್ಮೆ ಮಾತ್ರ ಕರೆಂಟ್ ಬಿಲ್ ಕಟ್ಟುವಾಗ ಎಷ್ಟು ಹೊತ್ತಾದರೂ ಇಲ್ಲ. ಏರೋಪ್ಲೇನ್ ಮೋಡ್ ಹಾಕಿ ತೆಗೆದ ಕೂಡಲೇ ಮೂರು ಒಟ್ಟಿಗೆ ಬಂದವು, ಅಷ್ಟರಲ್ಲಿ ಮೂರೂ ಹಳತು. ನಾಲ್ಕನೆಯದರಲ್ಲಿ ಬಿಲ್ ಹೋಯಿತು.

ಒಂದು ಶುಕ್ರವಾರ ಮಗ ಹತ್ತಾಕ್ಕೆ ಕರೆದುಕೊಂಡು ಹೋದ. ಗುಡ್ಡದ ನಡುವೆ ಅಣೆಕಟ್ಟು, ನೀರು ಪಾಚಿ ಬಣ್ಣ. ಕಾರಿನಲ್ಲಿ ಕೂತಿದ್ದ ಹಾಗೇ ನೆಟ್ ಹೋಯಿತು, "ಒಮಾನ್‌ಗೆ ಸ್ವಾಗತ" ಅಂತ ಮೆಸೇಜ್ ಬಂತು. ನಾವು ಗಡಿ ದಾಟಿಯೇ ಇಲ್ಲ! ಮನೆಯವಳು ಹೆದರಿ "ವೀಸಾ ಇಲ್ಲದೆ ಎಲ್ಲಿಗೆ ಬಂದೆವು" ಅಂದಳು. ಹತ್ತಾ ಒಮಾನಿನ ಗಡಿಗೆ ಅಂಟಿಕೊಂಡೇ ಇದೆ, ಆಚೆಯ ಟವರ್ ಎಳೆದುಕೊಂಡಿದೆ ಅಷ್ಟೇ. ಡೇಟಾ ರೋಮಿಂಗ್ ಆಫ್ ಇದ್ದದ್ದಕ್ಕೆ ಬಚಾವ್. ನಾನು ಅವಳಿಗೆ ತಲಪಾಡಿಯವರ ಅಜ್ಜನ ಕತೆ ಹೇಳಿದೆ.

ಪಂಪಿನ ವಿಷಯಕ್ಕೆ ಬರುತ್ತೇನೆ. ತಂಗಿಯ ಮಗ ದಿನಾ ಬೆಳಗ್ಗೆ 6 ಗಂಟೆಗೆ ಪಂಪ್ ಹಾಕಿ, ತೋಟದಲ್ಲಿ ನಿಂತು ವಾಯ್ಸ್ ಮೆಸೇಜ್ ಕಳಿಸುತ್ತಿದ್ದ. ಮಾತಿಲ್ಲ, ಸ್ಪ್ರಿಂಕ್ಲರ್ ಜೆಟ್ಟಿನ ನೀರು ಅಡಿಕೆ ಸೋಗೆಗೆ ಬಡಿಯುವ ಸದ್ದು ಮಾತ್ರ. ಅಲ್ಲಿ ಆಗ ನಾಲ್ಕೂವರೆ. ನಾನು ಎದ್ದು ಕಿವಿಗೆ ಹಿಡಿದು ಕೇಳಿ ಮತ್ತೆ ಮಲಗುತ್ತಿದ್ದೆ. "ಬಟಾಟೆ ಹುರಿಯುವ ಸದ್ದು ಕಳಿಸಿದರೂ ನಿಮಗೆ ಗೊತ್ತಾಗುವುದಿಲ್ಲ" ಅಂತ ಮನೆಯವಳ ತಕರಾರು. ಅದು ಸುಳ್ಳು. ಮೂರನೇ ಸಾಲಿನ ಒಂದು ಜೆಟ್ ಕಟ್ಟಿಕೊಂಡಿದೆ ಅಂತ ನಾನು ದುಬೈಯಲ್ಲಿ ಮಲಗಿದ್ದಲ್ಲಿಂದಲೇ ಹೇಳಿದ್ದೆ, ಅವನು ನೋಡಿದರೆ ಕಸ ಸಿಕ್ಕಿತ್ತು.

ಈಗ ಹೊಸ ಪ್ರಶ್ನೆ. ನಿನ್ನೆ ಬೆಳಗ್ಗೆ ಮನೆಯ ಜಗಲಿಯಲ್ಲಿ ಕೂತು ಪಂಪಿಗೆ ಕರೆ ಮಾಡಿದೆ. ಕಟ್. ಮತ್ತೆ ಮಾಡಿದೆ. ಕಟ್. ಹುಡುಗ ತನ್ನ ನಂಬರ್ ಹಾಕುವಾಗ ಒಂದನೇ ಜಾಗದಲ್ಲಿದ್ದ ನನ್ನ ನಂಬರಿನ ಮೇಲೆಯೇ ಬರೆದಿದ್ದಾನೆ ಅಂತ ಕಾಣುತ್ತದೆ. ಅಂದರೆ 32 ದಿನ ನನ್ನ ಪಂಪಿಗೆ ನಾನು ಯಾರೋ. ಈಗ ನನ್ನದನ್ನು ಪುನಃ ಸೇರಿಸುವುದು ಹೇಗೆ? ಪಾಸ್‌ವರ್ಡ್ ಹಾಕಿ ಕಳಿಸಿದರೂ ಉತ್ತರವೇ ಇಲ್ಲ.

ಪೆರ್ಲದವಳು, ಈಗ ಬೆಂಗಳೂರು

ಮಾವ, ಹೆಚ್ಚಿನ ಸ್ಟಾರ್ಟರುಗಳು ಒಂದನೇ ಜಾಗದ ನಂಬರಿನಿಂದ ಬಂದ ಎಸ್‌ಎಂಎಸ್ ಮಾತ್ರ ಕೇಳುತ್ತವೆ. ಅವನ ಫೋನಿನಿಂದಲೇ ಕಳಿಸಬೇಕು. ಅವನ ಹತ್ತಿರ ಸ್ವಲ್ಪ ಚೆನ್ನಾಗಿ ಇರಿ ಈಗ.

ನೀರ್ಚಾಲು ತೋಟದವ

ಅವನು ನಿನ್ನೆ ಸ್ನೇಹಿತರ ಜೊತೆ ಊಟಿಗೆ ಹೊರಟಿದ್ದಾನೆ. ಫೋನ್ ಸ್ವಿಚ್ ಆಫ್. ಮನೆಯವಳ ನಂಬರ್ ಎರಡನೇ ಜಾಗದಲ್ಲಿ ಇನ್ನೂ ಇದೆ, ಪಂಪ್ ಅವಳ ಕರೆ ಎತ್ತುತ್ತದೆ. ಈಗ ನೀರು ಬಿಡಬೇಕಾದರೆ ಅವಳನ್ನು ಕೇಳಬೇಕು.