ಪ್ರಶ್ನೋತ್ತರ: 'ಯೆಸ್' ಅಂದಿದ್ದೇ ತಪ್ಪಾಯ್ತಾ? ಕೆಲಸದ ಇಂಗ್ಲಿಷ್ ಬಗ್ಗೆ ಕೇಳಿ

ಈ ಭಾನುವಾರ ನಮ್ಮ ಗುಂಪಿಗೆ ಮಡಿಕೇರಿಯ ಇಂಗ್ಲಿಷ್ ತರಬೇತುದಾರರೊಬ್ಬರು ಬಂದಿದ್ದಾರೆ. ಬೆಂಗಳೂರಿನಲ್ಲಿ ಹನ್ನೆರಡು ವರ್ಷ ವಿದೇಶಿ ಗ್ರಾಹಕರ ಜೊತೆ ಕೆಲಸ ಮಾಡಿ ಊರಿಗೆ ವಾಪಸ್ ಬಂದವರು. ಹೆಸರು ಬೇಡ, ಊರು ಮಾತ್ರ ಹಾಕಿ ಕೇಳಿ.

ಪ್ರಶ್ನೆ, ಕುಶಾಲನಗರ:
ನಮಸ್ಕಾರ ಮೇಡಂ. ಬಿಕಾಂ ಮುಗಿಸಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನ ಎಕ್ಸ್‌ಪೋರ್ಟ್ ಸೆಕ್ಷನ್ನಿಗೆ ಸೇರಿ ಎಂಟು ತಿಂಗಳಾಯ್ತು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಹೋದ ವಾರ ಜರ್ಮನಿಯ ಬೈಯರ್ ವಿಡಿಯೊ ಕಾಲಿನಲ್ಲಿ 'ಯೂ ಹ್ಯಾವಂಟ್ ಸೆಂಟ್ ದ ಸ್ಯಾಂಪಲ್ ಯೆಟ್?' ಅಂತ ಕೇಳಿದರು. ನಾನು 'ಯೆಸ್ ಸರ್' ಅಂದೆ. ಅವರು ಖುಷಿಯಾಗಿ ಥ್ಯಾಂಕ್ಸ್ ಹೇಳಿದರು. ನಾಲ್ಕು ದಿನ ಬಿಟ್ಟು ಸ್ಯಾಂಪಲ್ ಎಲ್ಲಿ, ಕೊರಿಯರ್ ನಂಬರ್ ಎಲ್ಲಿ ಅಂತ ಖಾರವಾದ ಮೇಲ್ ಬಂತು. ಮ್ಯಾನೇಜರ್ ಎಲ್ಲರ ಎದುರು 'ಇಂಗ್ಲಿಷ್ ಬರದಿದ್ರೆ ಬಾಯಿ ಮುಚ್ಕೊಂಡಿರಿ' ಅಂದರು. ನಾನು ಸುಳ್ಳು ಹೇಳಿಲ್ಲ ಮೇಡಂ. ಎಲ್ಲಿ ತಪ್ಪಿದೆ?

ಉತ್ತರ:
ನೀವು ಸುಳ್ಳು ಹೇಳಿಲ್ಲ. ಇಂಗ್ಲಿಷ್ ಪ್ರಶ್ನೆಗೆ ಕನ್ನಡದ ಉತ್ತರ ಕೊಟ್ಟಿದ್ದೀರಿ, ಅಷ್ಟೆ.

ಅಮ್ಮ 'ಇನ್ನೂ ಊಟ ಮಾಡಿಲ್ವಾ?' ಅಂತ ಕೇಳಿದರೆ ನಾವು 'ಹೂಂ, ಮಾಡಿಲ್ಲ' ಅಂತೀವಿ. ಆ 'ಹೂಂ' ಊಟಕ್ಕೆ ಹೇಳಿದ್ದಲ್ಲ, 'ನೀನು ಹೇಳಿದ್ದು ಸರಿ' ಅಂತ ಅಮ್ಮನಿಗೆ ಹೇಳಿದ್ದು. ಇಂಗ್ಲಿಷಿನಲ್ಲಿ ಹಾಗಲ್ಲ. ಪ್ರಶ್ನೆ ಹೇಗೇ ಇರಲಿ, ಕೆಲಸ ಆಗಿದ್ದರೆ ಯೆಸ್, ಆಗದಿದ್ದರೆ ನೋ. ಆದ್ದರಿಂದ ನಿಮ್ಮ ಯೆಸ್ ಅವರ ಕಿವಿಗೆ 'ಕಳಿಸಿದ್ದೇನೆ' ಅಂತಲೇ ಬಿತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೂ ಇದೇ ಗುಂಡಿಗೆ ಬಿದ್ದಿದ್ದೆ. ನನ್ನ ಮ್ಯಾನೇಜರ್ ನಕ್ಕು ಬಿಟ್ಟರು, ನಿಮ್ಮವರು ಬೈದರು.

ಇದಕ್ಕೆ ವ್ಯಾಕರಣದ ಪುಸ್ತಕ ತಿರುವಬೇಕಾಗಿಲ್ಲ. ಯೆಸ್ ಅಥವಾ ನೋ ಅಂತ ಅಲ್ಲಿಗೇ ನಿಲ್ಲಿಸಬೇಡಿ, ಅಷ್ಟೇ. ಹಿಂದೆಯೇ ಪೂರ್ತಿ ಮಾತು ಬರಲಿ: 'ನಾಟ್ ಯೆಟ್. ವಿ ವಿಲ್ ಸೆಂಡ್ ಇಟ್ ಆನ್ ಥರ್ಸ್‌ಡೇ.' ಕಾಲ್ ಮುಗಿದ ಮೇಲೆ ಇದನ್ನೇ ಎರಡು ಸಾಲಿನ ಮೇಲ್ ಮಾಡಿ ಕಳಿಸಿ. ಆಮೇಲೆ ಯಾರೂ 'ನೀವು ಹಾಗೆ ಹೇಳಿದ್ರಿ' ಅನ್ನೋಕಾಗಲ್ಲ.

ನೀವು ಬರೆಯುವ ಒಂದು ಮೇಲ್ ಇಲ್ಲಿ ಹಾಕ್ತೀರಾ? ಬೈಯರ್ ಹೆಸರು ತೆಗೆದು ಹಾಕಿ.

ಮತ್ತೆ ಕುಶಾಲನಗರ:
ಇದು ನಿನ್ನೆ ಬರೆದಿದ್ದು, ಇನ್ನೂ ಕಳಿಸಿಲ್ಲ. 'ಡಿಯರ್ ಸರ್, ಸ್ಯಾಂಪಲ್ ಡಿಸ್ಪ್ಯಾಚ್ಡ್. ಸೆಂಡ್ ಅಪ್ರೂವಲ್ ಇಮ್ಮೀಡಿಯೆಟ್ಲಿ ಅಂಡ್ ಡು ದ ನೀಡ್‌ಫುಲ್. ಐ ಹ್ಯಾವ್ ಎ ಡೌಟ್ ಇನ್ ಯುವರ್ ಪೇಮೆಂಟ್. ಕಂಟೇನರ್ ವಿಲ್ ಮೋಸ್ಟ್ಲಿ ಗೋ ದಿಸ್ ವೀಕ್, ವಿ ವಿಲ್ ಸೀ.'

ಉತ್ತರ:
ಕಳಿಸದೇ ಇದ್ದಿದ್ದು ಒಳ್ಳೇದಾಯ್ತು.

ಮೊದಲು 'ಸೆಂಡ್'. ನಿಮ್ಮ ಮನಸ್ಸಿನಲ್ಲಿ ಇದ್ದದ್ದು 'ಕಳಿಸಿ'. ಕನ್ನಡದಲ್ಲಿ ಗೌರವ ಕ್ರಿಯಾಪದದ ಬಾಲದಲ್ಲೇ ಕೂತಿರುತ್ತದೆ. 'ಕಳಿಸು' ಬೇರೆ, 'ಕಳಿಸಿ' ಬೇರೆ. ಇಂಗ್ಲಿಷಿಗೆ ಆ ಬಾಲವೇ ಇಲ್ಲ. 'ಸೆಂಡ್' ಅಂದರೆ ಅದು 'ಕಳಿಸು' ಆಗಿ ಹೋಗುತ್ತದೆ, ಪಕ್ಕಕ್ಕೆ 'ಇಮ್ಮೀಡಿಯೆಟ್ಲಿ' ಸೇರಿದರೆ 'ಬೇಗ ಕಳಿಸೋ'. ಬಾಲದಲ್ಲಿ ಇಲ್ಲದ ಗೌರವವನ್ನು ತಲೆಯ ಕಡೆ ಕಟ್ಟಬೇಕು: 'ಕುಡ್ ಯೂ ಪ್ಲೀಸ್ ಸೆಂಡ್...' ನಮ್ಮವರ ಮೇಲ್ ಒರಟು ಅಂತ ಹೊರಗಿನವರಿಗೆ ಅನ್ನಿಸೋಕೆ ಮುಖ್ಯ ಕಾರಣ ಇದೇ ಅಂತ ನನ್ನ ಲೆಕ್ಕ. ಉಚ್ಚಾರಣೆಗೆ ಹೆದರುತ್ತೀವಿ, ಇದಕ್ಕೆ ಹೆದರಲ್ಲ.

'ಡೌಟ್' ಇನ್ನೂ ಅಪಾಯ. ನಮಗೆ ಡೌಟ್ ಅಂದರೆ ಕೇಳಬೇಕಾದ ಪ್ರಶ್ನೆ. ಅವರಿಗೆ ಅದು ಅನುಮಾನ. ನಿಮ್ಮ ಸಾಲನ್ನು ಓದಿದವರು 'ನಾನು ದುಡ್ಡು ಕೊಡಲ್ಲ ಅಂತ ಇವರಿಗೆ ಸಂಶಯ' ಅಂದ್ಕೊಳ್ತಾರೆ. 'ಐ ಹ್ಯಾವ್ ಎ ಕ್ವೆಶ್ಚನ್ ಅಬೌಟ್ ದ ಪೇಮೆಂಟ್ ಟರ್ಮ್ಸ್' ಅಂತ ಬರೆಯಿರಿ. 'ಡು ದ ನೀಡ್‌ಫುಲ್' ನಮ್ಮ ಆಫೀಸುಗಳಲ್ಲಿ ಚೆನ್ನಾಗಿಯೇ ಓಡುತ್ತೆ. ಹೊರಗಿನವರಿಗೆ ಮಾತ್ರ ಏನು ಮಾಡಬೇಕು ಅಂತ ಬಿಡಿಸಿ ಹೇಳಿ.

ಕೊನೆಗೆ 'ವಿ ವಿಲ್ ಸೀ', ನಮ್ಮ 'ನೋಡೋಣ'. ನಮ್ಮಲ್ಲಿ 'ನೋಡೋಣ' ಅಂದರೆ ಅರ್ಧ ಇಲ್ಲ ಅಂತ ಎಲ್ಲರಿಗೂ ಗೊತ್ತು. ಹೇಳದೆ ಬಿಟ್ಟದ್ದನ್ನೂ ಅರ್ಥ ಮಾಡಿಕೊಳ್ಳುವ ಸಮಾಜ, ಬಾಯಿ ಬಿಟ್ಟು ಹೇಳಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವ ಸಮಾಜ ಅಂತ ಈ ವ್ಯತ್ಯಾಸವನ್ನು ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1976ರಲ್ಲೇ ವಿವರಿಸಿದ್ದರು. ಅವರ ಲೆಕ್ಕದಲ್ಲಿ ಜರ್ಮನಿ ಎರಡನೇ ಗುಂಪಿಗೆ, ಜಪಾನ್ ಮೊದಲನೆಯದಕ್ಕೆ. ಜಪಾನಿನವರು 'ಸ್ವಲ್ಪ ಕಷ್ಟ' ಅಂದರೆ ಸಾಮಾನ್ಯವಾಗಿ ಆಗಲ್ಲ ಅಂತಲೇ. ನಿಮ್ಮ ಬೈಯರ್‌ಗೆ ದಿನಾಂಕ ಬೇಕು. ಈ ವಾರ ಆಗದಿದ್ದರೆ ಆಗಲ್ಲ ಅಂತಲೇ ಹೇಳಿ, ಬೇಜಾರಾಗಲ್ಲ. ಇಪ್ಪತ್ತು ಅಡಿ ಕಂಟೇನರ್ ಅಂದರೆ 60 ಕೆಜಿಯ 320 ಚೀಲ. ಅವರೂ ಆ ಕಡೆ ಹಡಗು, ಗೋಡೌನು ಎಲ್ಲ ಹೊಂದಿಸಬೇಕಲ್ವಾ?

ತಿದ್ದಿ ಮತ್ತೆ ಹಾಕಿ. ಕಾಯ್ತೀನಿ.

ಪ್ರಶ್ನೆ, ವಿರಾಜಪೇಟೆ:
ನಾನು ಸೇನೆಯಿಂದ ಹವಾಲ್ದಾರ್ ಆಗಿ ನಿವೃತ್ತಿ. ಹದಿನೇಳು ವರ್ಷ ಸರ್ವಿಸ್. ಬೆಂಗಳೂರಿನ ಒಂದು ವಿದೇಶಿ ಕಂಪನಿಯಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್ ಕೆಲಸಕ್ಕೆ ಹಾಕಬೇಕು. ಹಿಂದಿ ಚೆನ್ನಾಗಿ ಬರುತ್ತೆ, ಇಂಗ್ಲಿಷ್ ಸುಮಾರು. ಬಯೋಡಾಟಾದಲ್ಲಿ ತಂದೆ ಹೆಸರು, ಜಾತಿ, ಮದುವೆ, ಎತ್ತರ ಎಲ್ಲ ಬರೆದಿದ್ದೇನೆ. ಸರ್ವಿಸ್ ಬಗ್ಗೆ ಒಂದೇ ಸಾಲು. ಸಾಕಾ?

ಉತ್ತರ:
ಸರ್, ತಲೆಕೆಳಗಾಗಿದೆ. ಜಾತಿ, ಮದುವೆ, ತಂದೆ ಹೆಸರು ತೆಗೆದುಬಿಡಿ. ಅಮೆರಿಕ, ಬ್ರಿಟನ್ ಕಡೆಯ ಕಂಪನಿಗಳಿಗೆ ವಯಸ್ಸು, ಫೋಟೊ ಕೂಡ ಬೇಡ. ಗಲ್ಫ್ ಕಡೆ ಹಾಕುವುದಾದರೆ ಫೋಟೊ, ಡ್ರೈವಿಂಗ್ ಲೈಸೆನ್ಸ್ ವಿವರ ಇರಲಿ. ಆ ಒಂದು ಸಾಲು ಅರ್ಧ ಪುಟ ಆಗಬೇಕು.

ಸೇನೆಯ ಪದಗಳು ಸಿವಿಲ್‌ನವರಿಗೆ ಅರ್ಥ ಆಗಲ್ಲ. 'ಸೆಕ್ಷನ್ ಕಮಾಂಡರ್' ಅಂದರೆ ಎಚ್‌ಆರ್‌ನ ಹುಡುಗಿಗೆ ಏನೂ ಹೊಳೆಯಲ್ಲ. 'ಲೆಡ್ ಎ ಟೀಮ್ ಆಫ್ ಟೆನ್' ಅಂದರೆ ಹೊಳೆಯುತ್ತೆ. ಇಂಟರ್‌ವ್ಯೂನಲ್ಲಿ ನಿಮ್ಮ ಮಗನ ವಯಸ್ಸಿನವರು ನಿಮ್ಮನ್ನು ಹೆಸರು ಹಿಡಿದು ಕರೆಯಬಹುದು. ಅಗೌರವ ಅಲ್ಲ, ಅವರ ಆಫೀಸಿನ ವಾಡಿಕೆ. ನೀವೂ ಮಾತಿಗೊಂದು 'ಸರ್' ಹಾಕಬೇಕಾಗಿಲ್ಲ.

ಹೆಸರಿನ ವಿಷಯ ಇನ್ನೊಂದು. ಕೊಡವರಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ, ಕೊಡಂದೇರ ಕಾರ್ಯಪ್ಪನವರ ಹಾಗೆ. ಆನ್‌ಲೈನ್ ಫಾರ್ಮಿನಲ್ಲಿ 'ಲಾಸ್ಟ್ ನೇಮ್' ಕೇಳಿದಾಗ ಗೊಂದಲ ಆಗೋದು ಅಲ್ಲೇ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಎಲ್ಲ ಕಡೆ ಹಾಗೇ ತುಂಬಿ.

ಮತ್ತೆ ವಿರಾಜಪೇಟೆ:
'ಕಷ್ಟದ ಸಮಯ ಹೇಗೆ ನಿಭಾಯಿಸಿದ್ರಿ' ಅಂತ ಕೇಳ್ತಾರಂತೆ. ಗಡಿಯ ವಿಷಯ ಹೇಳೋ ಹಾಗಿಲ್ಲ. 2018ರ ಆಗಸ್ಟ್‌ನಲ್ಲಿ ರಜೆಗೆ ಬಂದಿದ್ದೆ, ಮಕ್ಕಂದೂರು ಕಡೆ ಗುಡ್ಡ ಜಾರಿದಾಗ ಜನರನ್ನು ಸಾಗಿಸಿದ್ದೆವು. ಅದನ್ನು ಹೇಳಬಹುದಾ?

ಉತ್ತರ:
ಸರ್, ಅದನ್ನೇ ಹೇಳಿ! ನಾಲ್ಕು ತುಂಡು ಮಾಡಿ. ಏನಾಗಿತ್ತು, ನಿಮ್ಮ ಪಾಲಿಗೆ ಬಂದ ಕೆಲಸ ಯಾವುದು, ನೀವು ಏನು ಮಾಡಿದಿರಿ, ಕೊನೆಗೆ ಏನಾಯ್ತು. ಒಂದೊಂದಕ್ಕೆ ಎರಡು ಚಿಕ್ಕ ವಾಕ್ಯ. ನಾವು 'ಎಲ್ಲರೂ ಸೇರಿ ಮಾಡಿದೆವು' ಅಂತ ಹೇಳಿ ಕೂತುಬಿಡ್ತೀವಿ, ನಾನು ನಾನು ಅನ್ನೋಕೆ ನಾಚಿಕೆ. ಅಲ್ಲಿ ಮೂರನೇ ತುಂಡಿಗೆ 'ಐ' ಬೇಕೇ ಬೇಕು. ಹಗ್ಗ ಕಟ್ಟಿದ್ದು ನೀವಾದರೆ 'ಐ ಟೈಡ್ ದ ರೋಪ್'. ಜಂಬ ಅಲ್ಲ ಅದು.

ಪ್ರಶ್ನೆ, ಸಿದ್ದಾಪುರ:
ನರ್ಸಿಂಗ್ ಮುಗಿಸಿದ್ದೇನೆ, ಬ್ರಿಟನ್ ಆಸೆ. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯಲ್ಲಿ ಎಷ್ಟು ಅಂಕ ಬೇಕು ಅಕ್ಕಾ?

ಉತ್ತರ:
ಅದರಲ್ಲಿ ಅಕಾಡೆಮಿಕ್ ಅನ್ನೋ ಪರೀಕ್ಷೆ ಬರೆಯಮ್ಮ. ಓದು, ಕೇಳು, ಮಾತು ಮೂರರಲ್ಲೂ 7, ಬರಹದಲ್ಲಿ 6.5. ಆಸ್ಪತ್ರೆಯ ಇಂಗ್ಲಿಷ್ ಮೇಲೇ ಇರುವ ಒಇಟಿ ಪರೀಕ್ಷೆಯೂ ನಡೆಯುತ್ತೆ, ಅದರಲ್ಲಿ ಆ ಮೂರಕ್ಕೆ ಬಿ, ಬರಹಕ್ಕೆ ಸಿ ಪ್ಲಸ್. ದುಡ್ಡು ಕಟ್ಟುವ ಮುಂಚೆ ಅಲ್ಲಿನ ನರ್ಸಿಂಗ್ ಕೌನ್ಸಿಲ್ ವೆಬ್‌ಸೈಟ್ ಒಮ್ಮೆ ನೋಡು.

ಪ್ರಶ್ನೆ, ಸೋಮವಾರಪೇಟೆ:
ಗುರುವಾರ ಆನ್‌ಲೈನ್ ಇಂಟರ್‌ವ್ಯೂ. ನಮ್ಮಲ್ಲಿ ಮಳೆ ಹಿಡಿದರೆ ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ನಡುವೆ ಕಟ್ ಆದರೆ?

ಉತ್ತರ:
ಕಟ್ ಆದ ಮೇಲೆ ಅಲ್ಲ, ಮುಂಚೆಯೇ ಹೇಳಿ. ಹಿಂದಿನ ದಿನ ಒಂದು ಮೇಲ್ ಹಾಕಿ: ಇಲ್ಲಿ ಜೋರು ಮಳೆ, ಲೈನ್ ಹೋದರೆ ಐದು ನಿಮಿಷದಲ್ಲಿ ಈ ಫೋನ್ ನಂಬರಿನಿಂದ ಮಾಡುತ್ತೇನೆ. ಮುಂಚೆ ಹೇಳಿದರೆ ಅದು ತಯಾರಿ, ಆಮೇಲೆ ಹೇಳಿದರೆ ನೆಪ. ಆದರೆ ಅವತ್ತು ಪಟ್ಟಣದಲ್ಲಿ ಇರುವ ಯಾರಾದರೂ ನೆಂಟರ ಮನೆಗೆ ಹೋಗೋದು ಎಲ್ಲಕ್ಕಿಂತ ವಾಸಿ. ಶೀಟಿನ ಮನೆ ಮಾತ್ರ ಬೇಡ, ಮಳೆ ಸದ್ದಿಗೆ ನಿಮ್ಮ ಇಂಗ್ಲಿಷ್ ಯಾರಿಗೂ ಕೇಳಿಸಲ್ಲ.

ಪ್ರಶ್ನೆ, ನಾಪೋಕ್ಲು:
ಕಾನ್ವೆಂಟಿನಲ್ಲಿ ಓದಿದವರ ಎದುರು ಬಾಯಿ ಬರಲ್ಲ ಮೇಡಂ. ಆಕ್ಸೆಂಟ್ ಬದಲಿಸೋಕೆ ಕೋರ್ಸ್ ಇದೆಯಾ?

ಉತ್ತರ:
ಇವೆ, ಸೇರಬೇಡಿ. ನಿಧಾನವಾಗಿ, ಪದ ನುಂಗದೆ ಹೇಳಿದರೆ ಸಾಕು. ನೀವು ಮನೆಯಲ್ಲಿ ಒಂದು ಭಾಷೆ, ಮೀನಿನ ಅಂಗಡಿಯಲ್ಲಿ ಮಲಯಾಳ, ತೋಟದಲ್ಲಿ ಅಸ್ಸಾಮಿನಿಂದ ಬಂದವರ ಹತ್ತಿರ ಹಿಂದಿ ಮಾತಾಡಲ್ವಾ? ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಒಂದು ಸುತ್ತು ಹಾಕಿದರೆ ನಾಲ್ಕು ಭಾಷೆ ಬದಲಿಸ್ತೀವಿ, ಯಾವುದರಲ್ಲೂ ಆಕ್ಸೆಂಟ್ ಯೋಚನೆ ಇಲ್ಲ. ದಿನಾ ಹತ್ತು ನಿಮಿಷ ನಿಮ್ಮ ಕೆಲಸದ ಬಗ್ಗೆ ಇಂಗ್ಲಿಷಿನಲ್ಲಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಮರುದಿನ ಕೇಳಿ. ಮೊದಲ ವಾರ ನಿಮ್ಮ ದನಿ ನಿಮಗೇ ಸಹಿಸೋಕಾಗಲ್ಲ. ಎಲ್ಲರಿಗೂ ಹಾಗೇ.

ಮತ್ತೆ ಕುಶಾಲನಗರ:
ತಿದ್ದಿದೆ ಮೇಡಂ. 'ಡಿಯರ್ ಸರ್, ವಿ ಸೆಂಟ್ ದ ಸ್ಯಾಂಪಲ್ ದಿಸ್ ಮಾರ್ನಿಂಗ್. ದ ಕೊರಿಯರ್ ನಂಬರ್ ಈಸ್ ಬಿಲೋ. ಕುಡ್ ಯೂ ಪ್ಲೀಸ್ ಸೆಂಡ್ ಯುವರ್ ಅಪ್ರೂವಲ್ ಬೈ ಫೋರ್ ಪಿಎಂ ಆನ್ ಫ್ರೈಡೇ? ಐ ಆಲ್ಸೋ ಹ್ಯಾವ್ ಎ ಕ್ವೆಶ್ಚನ್ ಅಬೌಟ್ ದ ಪೇಮೆಂಟ್ ಟರ್ಮ್ಸ್. ಸಾರಿ ಫಾರ್ ದ ಕನ್ಫ್ಯೂಷನ್ ಆನ್ ದ ಕಾಲ್.'

ಉತ್ತರ:
ಚೆನ್ನಾಗಿದೆ. ಎರಡು ಮಾತು. ಬೈಯರ್ ತಮ್ಮ ಮೇಲ್‌ನ ಕೊನೆಗೆ ಹೆಸರು ಹೇಗೆ ಬರೆದಿದ್ದಾರೋ ನೋಡಿ, 'ಸರ್' ಬದಲು ಆ ಹೆಸರು ಹಾಕಿ. ಮತ್ತೆ, ನಾಲ್ಕು ಗಂಟೆ ಯಾರ ಗಡಿಯಾರದ್ದು? ಜರ್ಮನಿ ಅಲ್ಲಿನ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. 'ಯುವರ್ ಟೈಮ್' ಅಂತ ಸೇರಿಸಿ ಕಳಿಸಿಬಿಡಿ. ಮ್ಯಾನೇಜರ್‌ಗೆ ಸಿಸಿ ಹಾಕೋದು ಮರೀಬೇಡಿ.