ಬಾಡಿಗೆ ಮನೆ ಹಾಲ್, ಕೈಯಲ್ಲಿ 30 ಸಾವಿರ: ಮರದ ಸಾಮಾನಿಗೆ ಎಷ್ಟು, ಗೋಡೆ ಚಿತ್ರಕ್ಕೆ ಎಷ್ಟು?

ಬಾಡಿಗೆಮನೆ_ಕುವೆಂಪುನಗರ:
ಮೊದಲ ಮಹಡಿ, ಹಾಲ್ 11×14 ಅಡಿ. ಆರಡಿ ಸೋಫಾ ಇದೆ, ಅದರ ಹಿಂದಿನ ಗೋಡೆ ಪೂರ್ತಿ ಖಾಲಿ. ಬಳಿದಿರೋದು ಡಿಸ್ಟೆಂಪರ್. ಓನರು "ಮೂರ್ನಾಲ್ಕು ತೂತು ಅಷ್ಟೇ, ಅದಕ್ಕಿಂತ ಜಾಸ್ತಿ ಬೇಡ" ಅಂದಿದ್ದಾರೆ. ಎರಡೇ ವರ್ಷಕ್ಕೆ ಬೇಜಾರಾಗೋ ರೆಡಿಮೇಡ್ ಕ್ಯಾನ್ವಾಸ್ ಸೆಟ್ ಬೇಡ, ಮುಂದಿನ ಮನೆಗೂ ಜೊತೆಗೆ ಬರುವಂಥದ್ದು ಬೇಕು. ಒಂದು ಮೈಸೂರು ಶೈಲಿ ಚಿತ್ರ, ದೀಪ ಹಿಡಿದ ಹೆಂಗಸಿನ ರವಿವರ್ಮನ ಚಿತ್ರದ ಪ್ರಿಂಟ್, ಹಳೇ ಬೀಟೆ ಮರದ ಕುರ್ಚಿ ಅಥವಾ ಟೀಪಾಯಿ, ಇಷ್ಟು ಯೋಚನೆ. ಒಟ್ಟು 30,000 ದಾಟಬಾರದು. ಅಂಟಿಸೋ ಹುಕ್ ಹಾಕಿದರೆ ತೂತಿನ ತಂಟೆಯೇ ಇರಲ್ಲ ಅಲ್ವಾ?

ಕಟ್ಟು_ಗಾಜು:
ಸಾರ್, ಅಂಟಿಸೋ ಹುಕ್ ಮರೆತುಬಿಡಿ. ಗೋಡೆ ಮೇಲೆ ಅಂಗೈ ಉಜ್ಜಿ ನೋಡಿ, ಬಿಳಿ ಪುಡಿ ಹತ್ತುತ್ತೆ. ಹುಕ್ಕಿನ ಅಂಟು ಗಟ್ಟಿಯಾಗೇ ಇರುತ್ತೆ, ಡಿಸ್ಟೆಂಪರ್ರೇ ಹಪ್ಪಳದ ಹಾಗೆ ಎದ್ದು ಬರುತ್ತೆ. ಎಮಲ್ಷನ್ ಬಳಿದ ಗೋಡೆಯಾದರೆ ಚಿಕ್ಕ ಫೋಟೋಗೆ ನಡೆಯುತ್ತೆ, ಗಾಜು ಹಾಕಿದ ಕಟ್ಟಿಗೆ (ಫ್ರೇಮಿಗೆ) ಅಲ್ಲೂ ನಾನು ಒಪ್ಪಲ್ಲ.

ನಿಮಗೆ ಬೇಕಿರೋದು ಮೂರೇ ತೂತು. ನಾಲ್ಕೂವರೆ ಅಡಿ ಉದ್ದ, ನಾಲ್ಕಿಂಚು ಅಗಲದ ಒಂದು ಮರದ ಪಟ್ಟಿ ಮಾಡಿಸಿ. ಮುಂದೆ ಅರ್ಧ ಇಂಚಿನ ಅಂಚು, ಹಿಂದೆ ಗೋಡೆಗೆ ಕೂರೋ ಮೂರಿಂಚಿನ ಹಲಗೆ. ಚಿತ್ರಗಳನ್ನ ಅದರ ಮೇಲೆ ಒರಗಿಸಿಟ್ಟರೆ ಆಯ್ತು, ಮನಸ್ಸಾದಾಗ ಬದಲಾಯಿಸಬಹುದು. 8 ಮಿ.ಮೀ. ಡ್ರಿಲ್ ಬಿಟ್, 50 ಮಿ.ಮೀ. ಆಳ, ಪ್ಲಾಸ್ಟಿಕ್ ಪ್ಲಗ್, ಎರಡೂವರೆ ಇಂಚಿನ ಸ್ಕ್ರೂ. ಸ್ಕ್ರೂ ಚಿಕ್ಕದು ತಂದರೆ ಹಲಗೆ ಮುಕ್ಕಾಲಿಂಚು ತಿನ್ನುತ್ತೆ, ಪ್ಲಾಸ್ಟರಿಂಗ್ ಇನ್ನರ್ಧ ಇಂಚು ತಿನ್ನುತ್ತೆ, ಇಟ್ಟಿಗೆಗೆ ಸಿಗೋದು ಏನೂ ಉಳಿಯಲ್ಲ. ಡ್ರಿಲ್ ಮಾಡುವಾಗ ಕೆಂಪು ಪುಡಿ ಬಂದರೆ ಇಟ್ಟಿಗೆ ಸಿಕ್ಕಿತು ಅಂತ ಅರ್ಥ. ಬೂದು ಪುಡಿ ಉದುರುತ್ತಾ ಬಿಟ್ ಸಲೀಸಾಗಿ ನುಗ್ಗಿದರೆ ನೀವು ಇಟ್ಟಿಗೆಯ ಸಂದಿನಲ್ಲಿದ್ದೀರಿ, ಒಂದಿಂಚು ಆಚೀಚೆ ಹೋಗಿ. (ಸಿಮೆಂಟ್ ಬ್ಲಾಕ್ ಗೋಡೆಗೆ ಈ ಲೆಕ್ಕ ಇಲ್ಲ. ಟೊಳ್ಳು ಬ್ಲಾಕಾದರೆ ಅದಕ್ಕೇ ಅಂತ ಬೇರೆ ಪ್ಲಗ್ ಬರುತ್ತೆ.) ಖಾಲಿ ಮಾಡುವಾಗ ಮೂರು ತೂತಿಗೂ ಪುಟ್ಟಿ ತುಂಬಿ ಉಪ್ಪುಕಾಗದ ಹೊಡೆದರೆ ಓನರ್ ಕಣ್ಣಿಗೂ ಬೀಳಲ್ಲ.

ಅಳತೆ ವಿಷಯ. ಸೋಫಾ ಅಗಲದ ಮೂರನೇ ಎರಡು ಭಾಗದಿಂದ ಮುಕ್ಕಾಲು ಭಾಗದವರೆಗೆ ಚಿತ್ರ ತುಂಬಿದರೆ ಕಣ್ಣಿಗೆ ಸರಿ. ನಿಮ್ಮದು 72 ಇಂಚು, ಅಂದರೆ 48ರಿಂದ 54. ಚಿತ್ರ 8×12, ಸುತ್ತ ಮೂರಿಂಚು ಮೌಂಟ್ (ಚಿತ್ರದ ಸುತ್ತ ಬರೋ ದಪ್ಪ ಕಾಗದದ ಅಂಚು) ಬಿಟ್ಟರೆ 14×18 ಆಯ್ತು. ಒಂದಿಂಚಿನ ಕಟ್ಟು ಹಾಕಿದರೆ ಹೊರಗಿನ ಅಗಲ ಹದಿನೈದೂವರೆ (ಕಟ್ಟು ಎರಡೂ ಬದಿ ಕಾಲಿಂಚು ಮೌಂಟ್ ಮೇಲೆ ಕೂರುತ್ತೆ). ಮೂರು ಇಟ್ಟು ನಡುವೆ ಎರಡೂವರೆ ಇಂಚು ಬಿಡಿ, 51½ಕ್ಕೆ ನಿಲ್ಲುತ್ತೆ. ಪಟ್ಟಿಯನ್ನ ಸೋಫಾ ಬೆನ್ನಿನಿಂದ ಎಂಟಿಂಚು ಮೇಲೆ ಹೊಡೀರಿ, ಒರಗಿದವರ ತಲೆ ತಾಗಬಾರದು.

ಕಟ್ಟು ಹಾಕೋ ಅಂಗಡಿಯಲ್ಲಿ ಅಡಿ ಲೆಕ್ಕದಲ್ಲಿ ದುಡ್ಡು ತಗೋತಾರೆ. ಸುತ್ತಳತೆಗೆ ಕಟ್ಟಿನ ಮರದ ಅಗಲದ ಎಂಟರಷ್ಟು ಸೇರಿಸಿ, ಮೂಲೆ ಕತ್ತರಿಸೋಕೆ ಅಷ್ಟು ಹೋಗುತ್ತೆ. 14×18ಕ್ಕೆ 64+8, ಅಂದರೆ ಸರಿಯಾಗಿ ಆರಡಿ. ಕಟ್ಟು ಕತ್ತರಿಸೋ ಉದ್ದನೆಯ ಕಡ್ಡಿ ಸಾಮಾನ್ಯವಾಗಿ ಒಂಬತ್ತೂವರೆ ಅಡಿ ಇರುತ್ತೆ. ಒಂದು ಕಡ್ಡಿಯಲ್ಲಿ 16 ಇಂಚಿನ ಮೂರು ತುಂಡು, 20ರ ಮೂರು ತುಂಡು ಬಂದು ಆರಿಂಚು ಉಳಿಯುತ್ತೆ. ಹಾಗಾಗಿ ಮೂರು ಕಟ್ಟಿಗೆ ಎರಡೇ ಕಡ್ಡಿ ಸಾಕು. ಒಂದೊಂದಾಗಿ ಮಾಡಿಸಿದರೆ ಮೂರು ಕಡ್ಡಿ ಬಿಲ್ ಬೀಳಬಹುದು, ಮೂರನ್ನೂ ಒಟ್ಟಿಗೇ ಕೊಡಿ.

ಉಳಿಸೋದಿದ್ದರೆ ಕಟ್ಟಿನ ಡಿಸೈನಲ್ಲಿ ಉಳಿಸಿ, ಮೌಂಟ್ ಬೋರ್ಡಲ್ಲಿ ಬೇಡ. ಆಮ್ಲರಹಿತ ಬೋರ್ಡ್ ಅಂತ ಕೇಳಿ ಹಾಕಿಸಿ. ಅಗ್ಗದ ಬೋರ್ಡಿನಲ್ಲಿ ಕತ್ತರಿಸಿದ ಓರೆ ಅಂಚು ಕೆಲವೇ ವರ್ಷಕ್ಕೆ ಕಂದು ತಿರುಗುತ್ತೆ, ಆಮೇಲೆ ಆ ಕಂದು ಚಿತ್ರಕ್ಕೂ ಇಳಿಯುತ್ತೆ. ಹಿಂದಿನ ಹಲಗೆಯ ಸುತ್ತ ಕಾಗದದ ಟೇಪ್ ಒತ್ತಿಸಿ, ಬೆಳ್ಳಿ ಹುಳ ನುಗ್ಗೋ ದಾರಿ ಅದೇ.

ಇದೆಲ್ಲಕ್ಕೂ ಮೊದಲು ಗೋಡೆಗೆ ಒಂದಡಿ ಪ್ಲಾಸ್ಟಿಕ್ ಹಾಳೆ, ನಾಲ್ಕೂ ಕಡೆ ಟೇಪ್ ಹಾಕಿ ಎರಡು ದಿನ ಬಿಡಿ. ಹಾಳೆಯ ಒಳಗಡೆ ಬೆವರಿದ್ದರೆ ಗೋಡೆಯಲ್ಲೇ ತೇವ ಇದೆ, ಅಲ್ಲಿ ಯಾವ ಚಿತ್ರವನ್ನೂ ಇಡಬೇಡಿ. ಮಳೆ ಹೊಡೆಯೋ ಹೊರಗೋಡೆಯಾದರೆ ಈ ಪರೀಕ್ಷೆ ಜುಲೈನಲ್ಲಿ ಮಾಡಬೇಕು, ಮಾರ್ಚಿನಲ್ಲಿ ಮಾಡಿ ಸಮಾಧಾನ ಪಟ್ಕೊಂಡ್ರೆ ಆಗಲ್ಲ.

ಜಗನ್ಮೋಹನ_ಪಕ್ಕದ_ಬೀದಿ:
ಒಂದು ತಿದ್ದುಪಡಿ. ಜಗನ್ಮೋಹನ ಅರಮನೆಯ ಆ ದೀಪದ ಹೆಂಗಸು ರವಿವರ್ಮನದಲ್ಲ, ಎಸ್. ಎಲ್. ಹಲ್ದನ್‌ಕರ್ ಅವರ ಜಲವರ್ಣ. ಮೈಸೂರಿನವರೇ ಅರ್ಧ ಜನ ತಪ್ಪು ಹೇಳ್ತಾರೆ ಬಿಡಿ. ಅವರು ತೀರಿಕೊಂಡಿದ್ದು 1968ರಲ್ಲಿ. ನಮ್ಮ ಕಾನೂನಿನಲ್ಲಿ ಕಲಾವಿದರು ಹೋದಮೇಲೂ 60 ವರ್ಷ ಚಿತ್ರದ ಹಕ್ಕು (ಕಾಪಿರೈಟ್) ಇರುತ್ತೆ, ಅಂದರೆ 2028 ಮುಗಿಯೋವರೆಗೆ ಅನುಮತಿ ಇಲ್ಲದೆ ನೆಟ್ಟಿನಿಂದ ಇಳಿಸಿ ಪ್ರಿಂಟ್ ಹಾಕಿಸಿದರೆ ತಕರಾರು ಬರಬಹುದು. ರವಿವರ್ಮ ತೀರಿಕೊಂಡಿದ್ದು 1906, ಅವನ ಚಿತ್ರಗಳಿಗೆ ಆ ತೊಂದರೆ ಇಲ್ಲ.

8×12 ಪ್ರಿಂಟಿಗೆ ಫೈಲು 2400×3600 ಪಿಕ್ಸೆಲ್ ಇರಲಿ. ವಾಟ್ಸಾಪಿನಲ್ಲಿ ಬಂದ ಫೈಲು ಕೊಡಬೇಡಿ, ಕುಗ್ಗಿರುತ್ತೆ. ಮ್ಯಾಟ್ ಕಾಗದ, ಪಿಗ್ಮೆಂಟ್ ಇಂಕ್ ಅಂತ ಕೇಳಿ. ಡೈ ಇಂಕ್ ಬಿಸಿಲಿಗೆ ಬೇಗ ಮಾಸುತ್ತೆ, ಮೊದಲು ಕೆಂಪು ಹೋಗಿ ಮುಖವೆಲ್ಲ ಹಸಿರಾಗಿ ಕಾಣುತ್ತೆ.

ಮೈಸೂರು ಚಿತ್ರಕ್ಕೆ ಬರೋಣ. ನಿಮ್ಮ ಬಜೆಟ್ಟಿಗೆ ದೊಡ್ಡದು ಬೇಡ, ಚಿಕ್ಕದಾದರೂ ಸಾಚಾ ಇರಲಿ. ಸಫೇದ (ಬಿಳಿ ಪುಡಿ), ಮಕ್ಕಿ (ಹಳದಿ ಮರದಂಟು), ಅಂಟು ಕಲಸಿದ ಗೆಸ್ಸೋ ಅನ್ನೋ ಉಬ್ಬು ಲೇಪವನ್ನ ಕುಂಚದಲ್ಲಿ ತೆಳ್ಳಗೆ ಎತ್ತಿ ಅದರ ಮೇಲೆ ಚಿನ್ನದ ರೇಕು ಕೂರಿಸಿರ್ತಾರೆ. ಚಿತ್ರವನ್ನ ಕಿಟಕಿ ಬೆಳಕಿಗೆ ಓರೆ ಹಿಡಿದು ನೋಡಿ. ಒಡವೆ, ಜರಿ ಅಂಚು ಕೂದಲೆಳೆಯಷ್ಟು ಎದ್ದಿರಬೇಕು, ಗೆರೆ ಒಂದೇ ದಪ್ಪ ಇರಬಾರದು. ದಪ್ಪ ಉಬ್ಬು, ಗಾಜಿನ ಹರಳು ಕಂಡರೆ ಅದು ತಂಜಾವೂರು ರೀತಿ. ಕೆಟ್ಟದ್ದೇನಲ್ಲ, ಆದರೆ ಮೈಸೂರು ಅಂತ ದುಡ್ಡು ಕೊಡಬೇಡಿ. ಅಗ್ಗದ್ದರಲ್ಲಿ ಹಿತ್ತಾಳೆ ರೇಕು ಇರುತ್ತೆ, ಬರ್ತಾ ಬರ್ತಾ ಕಪ್ಪಾಗುತ್ತೆ ಇಲ್ಲಾ ಹಸಿರು ಹಿಡಿಯುತ್ತೆ, ನಿಜವಾದ ಚಿನ್ನ ಹಾಗಾಗಲ್ಲ. ಬಿಲ್ಲಿನಲ್ಲಿ "ಚಿನ್ನದ ರೇಕು" ಅಂತ ಬರೆಸಿಕೊಳ್ಳಿ. ಸಯ್ಯಾಜಿರಾವ್ ರಸ್ತೆಯ ಕಾವೇರಿ ಎಂಪೋರಿಯಂಗೆ ಮೊದಲು ಹೋಗಿ ಕಣ್ಣು ಪಳಗಿಸಿಕೊಂಡು ಬಂದರೆ ಮೋಸ ಹೋಗೋದು ಕಮ್ಮಿ.

ಗಾಜು ಚಿತ್ರಕ್ಕೆ ತಾಗಕೂಡದು, ನಡುವೆ ಸಣ್ಣ ಪಟ್ಟಿ ಕೊಟ್ಟು ಕಾಲಿಂಚು ಅಂತರ ಬಿಡಿಸಿ. ಒದ್ದೆ ಬಟ್ಟೆ ಅಂತೂ ಮುಟ್ಟಿಸಲೇಬೇಡಿ, ಗೆಸ್ಸೋ ಉಬ್ಬಿ ಚಕ್ಕೆ ಏಳುತ್ತೆ. ದೇವರಮನೆ ಬಾಗಿಲ ಎದುರೂ ಬೇಡ, ದೀಪದ ಮಸಿ ಕೂತರೆ ತೆಗೆಯೋದು ಕಷ್ಟ.

ಮಂಡ್ಯ_ಹಳೇಮರ:
ಬೀಟೆ ಅಂತ ಮಾರೋದರಲ್ಲಿ ಬಣ್ಣ ಹೊಡೆದ ಕಾಡುಮರವೇ ಜಾಸ್ತಿ ಕಣಣ್ಣ. ಕುರ್ಚಿ ಮಗುಚಿ, ಕಾಣದ ಕಡೆ ಚಾಕುವಿನಿಂದ ಉಗುರಗಲ ಕೆರೆದು ನೋಡು. ಒಳಗೂ ನೇರಳೆಗಪ್ಪು ಗೆರೆ ಇದ್ದರೆ ಬೀಟೆ, ಬೆಳ್ಳಗಿದ್ದರೆ ಬರೀ ಬಣ್ಣ. ಎತ್ತಿದರೂ ಗೊತ್ತಾಗುತ್ತೆ, ಬೀಟೆ ಬಲು ಭಾರ. ನನ್ನ ಕೇಳಿದರೆ ಬೀಟೆ ಹಟ ಬಿಟ್ಟು ಹಳೇ ತೇಗವೋ ಹೊನ್ನೆಯೋ ತಗೋ, ಅದೇ ದುಡ್ಡಿಗೆ ಗಟ್ಟಿ ಸಾಮಾನು ಸಿಗುತ್ತೆ.

ಕುಟ್ಟೆ ಹುಳ ನೋಡದೆ ಮನೆಯೊಳಗೆ ತರಬೇಡ. ಕಪ್ಪು ಕಾಗದ ಹಾಸಿ ಅದರ ಮೇಲೆ ಒಂದು ವಾರ ಇಡು. ಹಿಟ್ಟಿನಂಥ ಪುಡಿ ಹೊಸದಾಗಿ ಬಿದ್ದರೆ ಹುಳ ಜೀವಂತ ಇದೆ. ಹಳೇ ತೂತು ಇದ್ದು ಪುಡಿ ಬೀಳದಿದ್ದರೆ ಹೆದರಬೇಕಿಲ್ಲ. ಹುಳ ತಿನ್ನೋದು ಹೆಚ್ಚಾಗಿ ಹೊರಗಿನ ಬಿಳೀ ಭಾಗ, ತೇಗದ ಚೇಗಿಗೆ, ಅಂದರೆ ಒಳಗಿನ ಗಟ್ಟಿ ಭಾಗಕ್ಕೆ, ಬಾಯಿ ಹಾಕೋದು ಕಮ್ಮಿ. ಜೀವಂತ ಇದ್ದರೆ ಸಿರಿಂಜಿನಲ್ಲಿ ತೂತು ತೂತಿಗೂ ಔಷಧಿ ಬಿಟ್ಟು ಪ್ಲಾಸ್ಟಿಕ್ ಸುತ್ತಿ ಕೆಲವು ದಿನ ಹೊರಗಡೆ ಇಡು.

ಕಾಲು ಅಲ್ಲಾಡಿದರೆ ಮೊಳೆ ಹೊಡೀಬೇಡ, ಒಣಗಿದ ಮರ ಸೀಳುತ್ತೆ. ಕೂಡು ಬಿಚ್ಚಿ, ಹಳೇ ಅಂಟು ಪೂರ್ತಿ ಕೆರೆದು, ಹೊಸ ಅಂಟು ಹಾಕಿ ಹಗ್ಗ ಬಿಗಿದು ಒಂದು ದಿನ ಬಿಡು. ಹಳೇ ಅಂಟಿನ ಮೇಲೇ ಹಚ್ಚಿದರೆ ಹಿಡಿಯಲ್ಲ. ಉಪ್ಪುಕಾಗದ 120, 180, 220, ಈ ಕ್ರಮದಲ್ಲಿ, ಮರದ ಗೆರೆ ಹೋದ ಕಡೆಗೇ ಉಜ್ಜು. ಆಮೇಲೆ ಅರಗಿನ ಸ್ಪಿರಿಟ್ ಪಾಲಿಶ್, ತೆಳ್ಳಗೆ ಐದಾರು ಸಲ. ಮಳೆ ದಿನ ಹೊಡೆದರೆ ಹಾಲಿನ ಹಾಗೆ ಬೆಳ್ಳಗಾಗುತ್ತೆ. ಟೀಪಾಯಿಗೆ ಮಾತ್ರ ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆಸು, ಅರಗಿನ ಮೇಲೆ ಬಿಸಿ ಕಾಫಿ ಲೋಟ ಇಟ್ಟರೆ ಬಿಳೀ ಉಂಗುರ ಗ್ಯಾರಂಟಿ. ಅಗಸೆ ಎಣ್ಣೆ ಹಚ್ಚೋದಾದರೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಎಸೀಬೇಡ, ತಾನಾಗೇ ಕಾದು ಹೊತ್ತಿಕೊಳ್ಳುತ್ತೆ. ಬಿಡಿಸಿ ಹರವಿ ಒಣಗಿಸು.

ಬಾಡಿಗೆಮನೆ_ಕುವೆಂಪುನಗರ:
ಹಾಗಾದರೆ ಕುರ್ಚಿಗೆ 12 ಸಾವಿರ, ಮೈಸೂರು ಚಿತ್ರಕ್ಕೆ 10 ಸಾವಿರ, ಮಿಕ್ಕಿದ್ದು ಕಟ್ಟು, ಪಟ್ಟಿ, ಎರಡು ಪ್ರಿಂಟಿಗೆ. ಇನ್ನೊಂದು ಪ್ರಶ್ನೆ: ಅಜ್ಜಿಯ ಹರಿದ ಮೈಸೂರು ರೇಷ್ಮೆ ಸೀರೆಯ ಜರಿ ಅಂಚಿಗೂ ಕಟ್ಟು ಹಾಕಿಸಬಹುದಾ? ನೋಡಿರೋ ಕುರ್ಚಿಯ ಬೆತ್ತದ ಸೀಟು ಜೋತುಬಿದ್ದಿದೆ, ಹೊಸದಾಗಿ ಹೆಣೆಸಲೇಬೇಕಾ?

ಕಟ್ಟು_ಗಾಜು:
ಧಾರಾಳವಾಗಿ ಹಾಕಿಸಿ, ಒಂದು ಪ್ರಿಂಟಿನ ಖರ್ಚು ಉಳಿಯಿತು. ಫೆವಿಕಾಲ್ ಮಾತ್ರ ಬೇಡ, ರೇಷ್ಮೆ ಮೇಲೆ ಕಲೆಯಾಗಿ ಎದ್ದು ಕಾಣುತ್ತೆ. ಒಗೆದು ಗಂಜಿ ತೆಗೆದ ಬಿಳಿ ಹತ್ತಿ ಬಟ್ಟೆಯನ್ನ ಹಲಗೆಗೆ ಬಿಗಿದು, ಅಂಚನ್ನ ಅದಕ್ಕೆ ಸಣ್ಣ ಹೊಲಿಗೆ ಹಾಕಿ ಕೂರಿಸಿ. ಸೂಜಿ ನೇಯ್ಗೆಯ ಎಳೆಗಳ ನಡುವೆ ಹೋಗಲಿ, ಜರಿಗೆ ಚುಚ್ಚಬೇಡಿ. ನೇರ ಬಿಸಿಲು ಬೀಳೋ ಗೋಡೆಗೆ ಬೇಡ.

ಮಂಡ್ಯ_ಹಳೇಮರ:
ಬೆತ್ತ ಕಡಿದಿಲ್ಲ ತಾನೆ? ಹಾಗಿದ್ದರೆ ಹೆಣೆಸೋಕೆ ಮುಂಚೆ ಇದು ಮಾಡು. ಕುರ್ಚಿ ಮಗುಚಿ ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನ ಸೀಟಿನ ಅಡಿಭಾಗಕ್ಕೆ ಅರ್ಧ ಗಂಟೆ ಹಾಸು, ಮೇಲ್ಭಾಗದ ಹೊಳಪಿರೋ ಕಡೆ ನೀರು ಹೀರಲ್ಲ. ಆಮೇಲೆ ನೆರಳಲ್ಲಿ ಒಂದು ದಿನ ಪೂರ್ತಿ ಒಣಗಲಿ, ಅಲ್ಲಿವರೆಗೆ ಯಾರೂ ಕೂರಬಾರದು. ಬಿಗಿಯಾಗುತ್ತೆ. ನಾಲ್ಕೈದು ಎಳೆ ಕಡಿದಿದ್ದರೆ ಮಾತ್ರ ಹೆಣೆಸು, ಆ ಖರ್ಚನ್ನ ಕುರ್ಚಿ ರೇಟಿನಲ್ಲಿ ಈಗಲೇ ಮುರಿದುಕೊಂಡು ಮಾತಾಡು.